ಮೊದ್ಲು ಹಾಸ್ಕೊ, ಆಮೇಲೆ ಹೊದ್ಕೊ: ಹಾಸಿಗೆಯ ಒಂದು ಸಣ್ಣ ಚರಿತ್ರೆ

ಭಾಗ 1/6

ಮೊದಲ ಫೋಟೋದಲ್ಲಿರೋ ನೀಲಿ ಸ್ಲೀಪಿಂಗ್ ಬ್ಯಾಗ್ ನನ್ನದಲ್ಲ, ಬಾಡಿಗೆಯದು. ಡಿಸೆಂಬರಲ್ಲಿ ನಾವು ಹನ್ನೊಂದು ಜನ ಚಿಕ್ಕಮಗಳೂರು ಕಡೆ ಟ್ರೆಕ್ ಹೋಗಿದ್ವಲ್ಲ, ಆಗಿನದು. ಬಂದವರಿಗೆ ಕಥೆ ಗೊತ್ತು. ಬರದವರಿಗಾಗಿ ಹೇಳ್ತೀನಿ.

ಹೊರಡೋ ಹಿಂದಿನ ವಾರ ಚಳ್ಳಕೆರೆ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಅಜ್ಜಿ ಅಟ್ಟದಿಂದ ಕರಿ ಕಂಬಳಿ ಇಳಿಸಿ, "ತಗೊಂಡು ಹೋಗು ಮಗಾ, ಬೆಟ್ಟದ ಚಳಿ ಸುಮ್ನೆ ಅಲ್ಲ" ಅಂದ್ರು. ನಾನು "ಅಜ್ಜಿ, ಅದು ಚುಚ್ಚುತ್ತೆ, ಕುರಿ ವಾಸನೆ ಬೇರೆ" ಅಂದೆ. ನಿಜ ಹೇಳಬೇಕಂದ್ರೆ ಕಾರಣ ಅದಲ್ಲ. ನಿಮ್ಮೆಲ್ಲರ ಮುಂದೆ ಕಂಬಳಿ ಬಿಚ್ಚೋಕೆ ನಾಚಿಕೆ.

ಹೋಂಸ್ಟೇ ಅಂಗಳದಲ್ಲಿ ಟೆಂಟ್. ಸ್ಲೀಪಿಂಗ್ ಬ್ಯಾಗ್ ಬಾಡಿಗೆಗೆ ತಗೊಂಡೆ, ಕೆಳಗೆ ಹಾಸೋ ಮ್ಯಾಟ್ ಮಾತ್ರ ದುಡ್ಡು ಉಳಿಸೋಕೆ ಬಿಟ್ಟೆ. ರಾತ್ರಿ ಎರಡು ಗಂಟೆಗೆ ಎಚ್ಚರ ಆಯ್ತು. ಎದೆ ಬೆಚ್ಚಗಿದೆ, ಬೆನ್ನು ಮಾತ್ರ ಬಂಡೆ ಮೇಲಿಟ್ಟ ಹಾಗೆ ಕೊರೀತಿದೆ. ಸ್ವೆಟರ್ ಹಾಕಿದೆ, ಜಾಕೆಟ್ ಹಾಕಿದೆ, ಏನೂ ಆಗಲಿಲ್ಲ. ಕೊನೆಗೆ ಹೊರಗೆ ಬಂದು ಒಲೆ ಹತ್ತಿರ ಕೂತೆ. ಆ ಮನೆಯ ಅಜ್ಜ ಎದ್ದು ಬಂದು ನೋಡಿದ್ರು. ಒಂದು ಹೊರೆ ಭತ್ತದ ಹುಲ್ಲು, ಒಂದು ಹಳೇ ಕಂಬಳಿ ತಂದುಕೊಟ್ರು. ನಾನು ಕಂಬಳಿ ಹೊದ್ಕೊಳ್ಳೋಕೆ ಹೋದೆ. ಅವರು ನಕ್ಕು, "ಹೊದೆಯೋಕಲ್ಲ ಮಾರಾಯ, ಹಾಸೋಕೆ" ಅಂದ್ರು.

ಹುಲ್ಲು ಹರಡಿ, ಮೇಲೆ ಕಂಬಳಿ ಹಾಸಿ, ಅದೇ ನೀಲಿ ಬ್ಯಾಗಲ್ಲಿ ಬೆಳಗಿನ ತನಕ ನಿದ್ದೆ ಮಾಡಿದೆ. ವಾಪಸ್ ಬಂದಮೇಲೆ ಕೂತು ಓದಿದ್ದೇ ಈ ಸರಣಿ.

ಭಾಗ 2/6

ಮನುಷ್ಯನ ಮೊದಲ ಹಾಸಿಗೆ ಯಾವುದು? ಮಂಚ ಅಲ್ಲ, ದಿಂಬೂ ಅಲ್ಲ. ಹುಲ್ಲು.

ದಕ್ಷಿಣ ಆಫ್ರಿಕಾದಲ್ಲಿ ಬಾರ್ಡರ್ ಕೇವ್ ಅನ್ನೋ ಗುಹೆ ಇದೆ. ಅಲ್ಲಿ ಸುಮಾರು 2 ಲಕ್ಷ ವರ್ಷ ಹಳೆಯ ಹುಲ್ಲಿನ ಹಾಸಿಗೆಯ ಗುರುತು ಸಿಕ್ಕಿದೆ ಅಂತ 2020ರಲ್ಲಿ ಸಂಶೋಧಕರು ಪ್ರಕಟಿಸಿದ್ರು. ಇದರಲ್ಲಿ ನನಗೆ ಬಹಳ ಇಷ್ಟ ಆಗಿದ್ದು ಹುಲ್ಲಿನ ಕೆಳಗಿರೋ ಬೂದಿ. ಬೂದಿಯ ಪದರ ಇದ್ದರೆ ಹರಿದಾಡೋ ಹುಳುಗಳು ಸುಲಭವಾಗಿ ಮೇಲೆ ಬರಲ್ಲ. ಅದೇ ದೇಶದ ಸಿಬುಡು ಗುಹೆಯಲ್ಲಿ ಸುಮಾರು 77,000 ವರ್ಷ ಹಿಂದಿನವರು ಜೊಂಡು, ಹುಲ್ಲು ಹಾಸಿ, ಅದರ ಮೇಲೆ ಸೊಳ್ಳೆ-ಕೀಟ ಓಡಿಸೋ ಗುಣ ಇರೋ ಮರದ ಎಲೆ ಹರಡಿದ್ದರು.

ಯೋಚನೆ ಮಾಡಿ. ನೆಲದ ತಣ್ಣಗೆ, ನೆಲದ ತೇವ, ನೆಲದ ಹುಳು. ಈ ಮೂರರಿಂದ ಮೈಯನ್ನ ದೂರ ಇಡೋದೇ ಹಾಸಿಗೆಯ ಮೊದಲ ಕೆಲಸ. ಮೆತ್ತಗಿರೋದು ಆಮೇಲಿನ ಮಾತು. ನಮ್ಮ ಭಾಷೆಯೂ ಅದನ್ನೇ ಹೇಳುತ್ತೆ: ಹಾಸೋದು ಹಾಸಿಗೆ, ಹೊದೆಯೋದು ಹೊದಿಕೆ. ಎರಡು ಕೆಲಸ, ಎರಡು ಹೆಸರು. ನಾನು ಆ ರಾತ್ರಿ ಹೊದಿಕೆಗೆ ಮಾತ್ರ ದುಡ್ಡು ಕೊಟ್ಟಿದ್ದೆ.

ಭಾಗ 3/6

ಈಗ ನಮ್ಮ ಮನೆಗಳಿಗೆ ಬರೋಣ. (ಮೂರನೇ ಫೋಟೋ: ನಮ್ಮ ಪಡಸಾಲೆ.)

ಈಚಲು ಗರಿಯ ಚಾಪೆ, ಕೆರೆ ಜೊಂಡಿನ ಚಾಪೆ, ಹಗ್ಗ ಹೆಣೆದ ಹೊರಸು, ಜಮಖಾನ, ಕೌದಿ. ಇವನ್ನೆಲ್ಲ "ಪಾಪ, ಹಾಸಿಗೆ ಕೊಳ್ಳೋಕೆ ಆಗದವರ ಸಾಮಾನು" ಅಂತ ನೋಡೋ ಅಭ್ಯಾಸ ನಮಗಿದೆ. ಬಡತನ ಇತ್ತು, ಸುಳ್ಳಲ್ಲ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಅನ್ನೋ ಗಾದೆ ಸುಮ್ನೆ ಹುಟ್ಟಲಿಲ್ಲ. ಆದರೆ ಪ್ರತಿ ವಸ್ತುವಿನ ಹಿಂದೆ ಒಂದು ಲೆಕ್ಕಾಚಾರ ಇದೆ. ಬೇಸಿಗೆಯಲ್ಲಿ ಹೊರಸಿನ ಮೇಲೆ ಮಲಗಿದ್ರೆ ಕೆಳಗಿನಿಂದ ಗಾಳಿ ಆಡುತ್ತೆ, ಬೆನ್ನು ಬೆವರಲ್ಲ. ಚಾಪೆಯನ್ನ ಬೆಳಗ್ಗೆ ಸುತ್ತಿ ಮೂಲೆಗೆ ನಿಲ್ಲಿಸಿದ್ರೆ ಮಲಗೋ ಕೋಣೆಯೇ ಊಟದ ಕೋಣೆ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ನೇಯೋ ಜಮಖಾನಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

ಕೌದಿ ಇನ್ನೂ ಜಾಣತನದ್ದು. ಹಳೇ ಸೀರೆ, ಪಂಚೆಗಳನ್ನ ಪದರ ಪದರವಾಗಿ ಇಟ್ಟು ಹೊಲೀತಾರೆ. ಪದರಗಳ ನಡುವೆ ಗಾಳಿ ನಿಲ್ಲುತ್ತೆ, ಆ ಗಾಳಿಯೇ ಬಿಸಿ ಹಿಡಿಯೋದು. ಹಾಸೋಕೂ ಬರುತ್ತೆ, ಹೊದೆಯೋಕೂ ಬರುತ್ತೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿ ನೋಡಿದ್ದೀರಾ? ಅವರ ಪೂರ್ವಜರು ಆಫ್ರಿಕಾದಿಂದ ಬಂದವರು, ಬಹಳಷ್ಟು ಜನ ಪೋರ್ಚುಗೀಸರ ಕಾಲದಲ್ಲಿ ಗೋವಾಕ್ಕೆ ಗುಲಾಮರಾಗಿ. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಹೊಲೀತಾರೆ. ನಾಲ್ಕು ಮೂಲೆಗೂ ಹೂವಿನ ಹಾಗೆ ಮಡಚಿದ ಬಟ್ಟೆ ಚೂರು ಇರಬೇಕು, ಇಲ್ಲದಿದ್ರೆ ಕೌದಿ ಬೆತ್ತಲೆ ಅಂತ ಅವರ ಲೆಕ್ಕ. ಎಲ್ಲವನ್ನೂ ಕಳಕೊಂಡು ಬಂದವರ ಮೊಮ್ಮಕ್ಕಳು ಚಿಂದಿಗೂ ಹೂವು ಮುಡಿಸ್ತಾರೆ.

ಭಾಗ 4/6

ಇವೆಲ್ಲ ಮನೆಯೊಳಗಿನ ಮಾತು. ಬಯಲಲ್ಲಿ ಮಲಗೋರಿಗೆ? ಅವರಿಗೇ ಕಂಬಳಿ.

ಕುರಿಗಾರರು ಮಂದೆ ಜೊತೆ ತಿಂಗಳುಗಟ್ಟಲೆ ಊರೂರು ತಿರುಗ್ತಾರೆ. ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸ್ತಾರೆ, ಹೊಲಕ್ಕೆ ಗೊಬ್ಬರ ಆಗುತ್ತೆ ಅಂತ ರೈತರು ಅದಕ್ಕೆ ಕಾಳೋ ಕಾಸೋ ಕೊಡ್ತಾರೆ. ಅಂದ್ರೆ ನಾವು "ಔಟ್‌ಡೋರ್" ಅಂತ ವಾರಾಂತ್ಯಕ್ಕೆ ಮಾಡೋದು ಅವರಿಗೆ ದಿನದ ದುಡಿಮೆ. ಅವರ ಹೆಗಲ ಮೇಲಿನ ಆ ಒಂದೇ ಕಂಬಳಿ ಹಗಲು ಬಿಸಿಲಿಗೆ ನೆರಳು. ಮಳೆ ಬಂದ್ರೆ ಮಡಚಿ ತಲೆಗೆ ಕೊಪ್ಪೆ. ರಾತ್ರಿ ಹಾಸಿಗೆ. ಹೊಸದಾಗಿ ಹುಟ್ಟಿದ ಮರಿಗೆ ಜೋಳಿಗೆ.

ಮಾಡೋ ರೀತಿ ಕೇಳಿ. ದಖನಿ ಕುರಿಯ ತುಪ್ಪಟ ಒರಟು, ಬಹಳಷ್ಟು ಕಪ್ಪು, ಹಾಗಾಗಿ ಬಣ್ಣ ಹಾಕಬೇಕಿಲ್ಲ. ಕತ್ತರಿಸಿ, ಹಿಂಜಿ, ಹೆಂಗಸರು ನೂಲು ತೆಗೀತಾರೆ. ಮಗ್ಗಕ್ಕೆ ಏರಿಸೋ ಮುಂಚೆ ಹಾಸಿನ ಎಳೆಗಳಿಗೆ ಹುಣಸೆ ಬೀಜದ ಗಂಜಿ ಬಳೀತಾರೆ. ಎಳೆ ಗಟ್ಟಿಯಾಗುತ್ತೆ, ಕಂಬಳಿ ಬಿರುಸಾಗುತ್ತೆ, ನೀರು ಬೇಗ ಒಳಗೆ ಇಳಿಯಲ್ಲ. ಆಮೇಲೆ ನೆಲದಲ್ಲಿ ತೋಡಿದ ಗುಂಡಿ ಮಗ್ಗದಲ್ಲಿ ಕೂತು ನೇಯೋದು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ತನ್ನ ಪುಸ್ತಕದಲ್ಲಿ ಕುರುಬರ ಕಂಬಳಿ ನೇಯ್ಗೆ ಬಗ್ಗೆ ಬರೆದಿದ್ದಾನೆ.

ಉಣ್ಣೆಯ ಗುಟ್ಟು ಏನಂದ್ರೆ, ತನ್ನ ತೂಕದ ಸುಮಾರು 30 ಪಾಲು (ನೂರಕ್ಕೆ) ತೇವ ಹೀರಿದ್ರೂ ಮುಟ್ಟಿದ್ರೆ ಒದ್ದೆ ಅನ್ನಿಸಲ್ಲ. ಎಳೆ ಬಿರುಸಾಗಿರೋದರಿಂದ ಮೈಭಾರಕ್ಕೂ ಪೂರ್ತಿ ಚಪ್ಪಟೆ ಆಗಲ್ಲ. ನಾನು "ಚುಚ್ಚುತ್ತೆ" ಅಂತ ದೂರಿದ್ದು ಅದರ ಗುಣವನ್ನೇ!

ಭಾಗ 5/6

ಹಾಗಾದ್ರೆ ಸ್ಲೀಪಿಂಗ್ ಬ್ಯಾಗ್ ಎಲ್ಲಿಂದ ಬಂತು?

ಪ್ರಯಾಣದ ಹಾಸಿಗೆ ಹೊಸದೇನಲ್ಲ. ಈಜಿಪ್ಟಿನ ಟುಟಾಂಖಾಮನ್ ಸಮಾಧಿ 1922ರಲ್ಲಿ ಸಿಕ್ಕಿತಲ್ಲ, ಅದರಲ್ಲಿ ಕಂಚಿನ ಕೀಲು ಹಾಕಿ ಮೂರು ಮಡಿಕೆ ಮಾಡಬಹುದಾದ ಮಂಚ ಇತ್ತು. 3,300 ವರ್ಷ ಹಿಂದಿನ ಮಡಚೋ ಮಂಚ! ಆದರೆ ಅದು ರಾಜನದ್ದು, ಹೊರೋಕೆ ಆಳುಗಳಿದ್ದರು. ತಾನೇ ಹೊತ್ತು ನಡೆಯೋರಿಗೆ ಬೇರೆಯದೇ ಬೇಕು.

1876ರಲ್ಲಿ ವೇಲ್ಸ್‌ನ ನ್ಯೂಟೌನ್‌ನ ಬಟ್ಟೆ ವ್ಯಾಪಾರಿ ಪ್ರೈಸ್ ಪ್ರೈಸ್-ಜೋನ್ಸ್ "ಯೂಕ್ಲಿಸಿಯಾ ರಗ್" ಅನ್ನೋದಕ್ಕೆ ಪೇಟೆಂಟ್ ತಗೊಂಡ. ಏನು ಗೊತ್ತಾ ಅದು? ಉಣ್ಣೆ ಕಂಬಳಿ! ಒಳಗೆ ತೂರಿ ಮಲಗೋ ಹಾಗೆ ಮಡಚೋದು, ತಲೆ ಹತ್ತಿರ ಊದೋ ರಬ್ಬರ್ ದಿಂಬು. 1877-78ರ ರಷ್ಯಾ-ಟರ್ಕಿ ಯುದ್ಧದ ಕಾಲಕ್ಕೆ ರಷ್ಯಾ ಸೈನ್ಯ ಇದನ್ನ ಸಾವಿರಗಟ್ಟಲೆ ಕೊಂಡಿತು. ಅಂದ್ರೆ ನಾನು ನಾಚಿಕೆಯಿಂದ ಬಿಟ್ಟುಹೋದ ಕಂಬಳಿ, ನಾನು ಹೆಮ್ಮೆಯಿಂದ ಬಾಡಿಗೆಗೆ ತಂದ ಬ್ಯಾಗು, ಎರಡೂ ಒಂದೇ ಬಳಗದವು.

ಆಮೇಲೆ ಬಾತುಕೋಳಿ ಪುಕ್ಕ, ನೈಲಾನು, ಪಾಲಿಯೆಸ್ಟರ್ ಬಂದವು. ಬ್ಯಾಗು ಹಗುರ ಆಯ್ತು. ಒಂದು ತೊಂದರೆ ಮಾತ್ರ ಉಳಿಯಿತು: ಬ್ಯಾಗಿನ ಬಿಸಿ ಇರೋದು ಅದರ ಉಬ್ಬಿನಲ್ಲಿ. ನಾವು ಮಲಗಿದ ತಕ್ಷಣ ಕೆಳಗಿನ ಉಬ್ಬು ಅಪ್ಪಚ್ಚಿ. ಅಲ್ಲಿಂದ ನೆಲ ನಮ್ಮ ಮೈಬಿಸಿಯನ್ನ ಹೀರ್ತಾ ಹೋಗುತ್ತೆ. 1970ರ ದಶಕದ ಶುರುವಿನಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ, ಬೋಯಿಂಗ್ ಕೆಲಸ ಕಳಕೊಂಡ ಎಂಜಿನಿಯರುಗಳು ಗಾಳಿಚೀಲದೊಳಗೆ ಫೋಮ್ ಇಟ್ಟು ತಾನೇ ಊದಿಕೊಳ್ಳೋ ಮ್ಯಾಟ್ ಮಾಡಿದ್ರು. ಥರ್ಮರೆಸ್ಟ್ ಅಂತ ಅದರ ಹೆಸರು. ಅವರು ಅಷ್ಟು ತಲೆ ಓಡಿಸಿ ತಲುಪಿದ್ದೂ ಹುಲ್ಲಿನ ಕೆಲಸಕ್ಕೇ: ಗಾಳಿ ಹಿಡಿದಿಟ್ಟುಕೊಳ್ಳೋ ಹಾಸು.

ಭಾಗ 6/6

ಸರಿ, ನಾವು ಏನು ಕೊಳ್ಳಬೇಕು? ಹಾಸ್ಟೆಲ್ಲಿಗೆ, ಪಿಜಿಗೆ ಹೋಗೋರು ಬಹಳ ಜನ ಕೇಳಿದ್ರಿ.

ಟ್ರೆಕ್ಕಿಗಾದ್ರೆ ಮೊದಲು ಮ್ಯಾಟ್, ಆಮೇಲೆ ಬ್ಯಾಗ್. ಮ್ಯಾಟ್ ಮೇಲೆ "ಆರ್-ವ್ಯಾಲ್ಯೂ" ಅಂತ ಒಂದು ಸಂಖ್ಯೆ ಇರುತ್ತೆ, ಜಾಸ್ತಿ ಇದ್ದಷ್ಟು ನೆಲದ ಚಳಿ ಕಡಿಮೆ ತಾಗುತ್ತೆ. ಬ್ಯಾಗಿನಲ್ಲಿ "ಕಂಫರ್ಟ್" ಅಂತ ಬರೆದ ಉಷ್ಣಾಂಶ ನೋಡಿ. "ಎಕ್ಸ್‌ಟ್ರೀಮ್" ಅಂತ ಇರೋದು ಜೀವ ಉಳಿಸಿಕೊಳ್ಳೋ ಮಟ್ಟ, ನಿದ್ದೆ ಮಾಡೋದಲ್ಲ. ಪುಕ್ಕದ ಬ್ಯಾಗು ಒದ್ದೆಯಾದ್ರೆ ಮುದುಡಿ ಬಿಸಿ ಕಳಕೊಳ್ಳುತ್ತೆ. ಮಲೆನಾಡಿನ ಮಂಜಿಗೆ ಪಾಲಿಯೆಸ್ಟರ್ ವಾಸಿ.

ಮನೆಗಾದ್ರೆ "ಗಟ್ಟಿ ಇದ್ದಷ್ಟೂ ಬೆನ್ನಿಗೆ ಒಳ್ಳೇದು" ಅನ್ನೋ ಮಾತನ್ನ ಪೂರ್ತಿ ನಂಬಬೇಡಿ. 2003ರಲ್ಲಿ ಸ್ಪೇನಿನಲ್ಲಿ ಬಹಳ ದಿನದಿಂದ ಸೊಂಟನೋವಿದ್ದ 313 ಜನರ ಮೇಲೆ ಪರೀಕ್ಷೆ ಮಾಡಿದಾಗ, ತೀರಾ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದೇ ಹೆಚ್ಚು ಆರಾಮ ಕೊಟ್ಟಿತು. ಅಂಗಡೀಲಿ ಕೈಯಲ್ಲಿ ಒತ್ತಿ ನೋಡಬೇಡಿ, ನೀವು ಮಲಗೋ ಮಗ್ಗುಲಲ್ಲೇ ಹತ್ತು ನಿಮಿಷ ಮಲಗಿ ನೋಡಿ.

ಇನ್ನೊಂದು ಮಾತು ಹೇಳಿ ಮುಗಿಸ್ತೀನಿ. ಸಂಕ್ರಾಂತಿಗೆ ಊರಿಗೆ ಹೋದಾಗ ಅಜ್ಜಿ ಹತ್ರ ಆ ಕಂಬಳಿ ಕೇಳಿದೆ. "ನೀನು ಬೇಡ ಅಂದ್ಯಲ್ಲ ಮಗಾ, ಕರು ಹಾಕಿದ್ಲು ಗೌರಿ, ಚಳೀಲಿ ನಡುಗ್ತಿತ್ತು, ಅದಕ್ಕೆ ಹಾಸಿದೆ" ಅಂದ್ರು. ಬೇಜಾರು ಇರಲಿಲ್ಲ ಅವರಿಗೆ. ಬೇಕಾದವರಿಗೆ ಸಿಕ್ತು ಅಷ್ಟೇ. ಇನ್ನೊಂದು ಕೊಳ್ಳೋಣ ಅಂತ, ಅದನ್ನ ನೇಯ್ದ ತಾತನ ಮನೆಗೆ ಹೋದ್ವಿ. ತಾತ ಇದ್ದಾರೆ, ಮಗ್ಗ ಇಲ್ಲ. ಮಗ್ಗದ ಗುಂಡಿ ಮುಚ್ಚಿ ಸಿಮೆಂಟ್ ಹಾಕಿ, ಮೇಲೆ ಮೊಮ್ಮಗನ ಬೈಕ್ ನಿಲ್ಲಿಸಿದ್ದಾರೆ. "ಕೊಳ್ಳೋರು ಬರಲಿಲ್ಲ ಮಗಾ, ಎಷ್ಟು ದಿನ ಕಾಯೋದು" ಅಂದ್ರು. ಬರಲಿಲ್ಲದವರಲ್ಲಿ ನಾನೂ ಒಬ್ಬ ಅಂತ ಹೇಳೋಕೆ ಬಾಯಿ ಬರಲಿಲ್ಲ.

ಕೊನೆಯ ಫೋಟೋ ಆ ಸಿಮೆಂಟ್ ನೆಲದ್ದು. ಸರಿಯಾಗಿ ನೋಡಿದ್ರೆ ಗುಂಡಿಯ ಅಂಚು ಇನ್ನೂ ಕಾಣುತ್ತೆ.

ನಿಮ್ಮ ಮನೆಯ ಅಟ್ಟದಲ್ಲಿ ಕಂಬಳಿಯೋ ಕೌದಿಯೋ ಇದ್ರೆ ಇಳಿಸಿ, ಬಿಸಿಲಿಗೆ ಹಾಕಿ, ಯಾರು ನೇಯ್ದದ್ದು, ಯಾರು ಹೊಲಿದದ್ದು ಅಂತ ಮನೆಯ ಹಿರಿಯರನ್ನ ಕೇಳಿ ಬರೆದಿಡಿ. ಮುಂದಿನ ಟ್ರೆಕ್ಕಿಗೆ ಅದನ್ನೇ ತನ್ನಿ. ನಾಚಿಕೆ ಪಡಬೇಡಿ, ನಾನೂ ತರ್ತೀನಿ.

#ಮನೆವಸ್ತುಗಳಚರಿತ್ರೆ #ಕಂಬಳಿ #ಕೌದಿ #ಮೊದ್ಲುಹಾಸ್ಕೊ