ಕೀಲೆಣ್ಣೆಯಿಂದ ಎಂಜಿನ್ ಆಯಿಲ್‌ವರೆಗೆ: ಮನೆಯಂಗಳದ ವಾಹನ ಪಾಲನೆಯ ಚರಿತ್ರೆ

ನಮ್ಮ ದಂಡಿನಶಿವರದ ಸೀಮೆಯಲ್ಲಿ ವಾಹನ ಪಾಲನೆಯ ಚರಿತ್ರೆಯನ್ನು ಬರೆಯಹೊರಟರೆ ಮೋಟಾರು ಕಾರಿನಿಂದ ಆರಂಭಿಸುವಂತಿಲ್ಲ. ಎತ್ತಿನ ಗಾಡಿಯಿಂದಲೇ ಆರಂಭಿಸಬೇಕು. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯ ಕಾಯಿ, ಕೊಬ್ಬರಿಗಳು ಬಹುಕಾಲ ಪೇಟೆ ಸೇರುತ್ತಿದ್ದುದು ಗಾಡಿಗಳ ಮೇಲೆ. ತಿಪಟೂರಿನ ಕೊಬ್ಬರಿ ಮಂಡಿಗೆ ಗಾಡಿ ಹೂಡುವ ಯಜಮಾನನು ಕೀಲೆಣ್ಣೆ ಹಾಕದೆ ನೊಗ ಎತ್ತುತ್ತಿರಲಿಲ್ಲ. ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಮಾಡಿದ ಆ ಕಪ್ಪು ಜಿಡ್ಡನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಅಡಿಗೆ ನೇತುಹಾಕಿರುತ್ತಿದ್ದರು. ಅದೇ ನಮ್ಮ ಹಿರಿಯರ ಗ್ರೀಸು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ವಿಡಿಯೊ ನೋಡಿಕೊಂಡು ಭಾನುವಾರಗಳಂದು ತಮ್ಮ ಕಾರಿನ ಸಣ್ಣಪುಟ್ಟ ಕೆಲಸಗಳನ್ನು ತಾವೇ ಮಾಡಿಕೊಳ್ಳುತ್ತಾರೆಂದು ಕೇಳಿ ಸಂತೋಷಪಟ್ಟಿದ್ದೇನೆ. ಕೈ ಮಸಿಯಾಗುವ ಕೆಲಸವನ್ನು ಕೀಳೆಂದು ತಿಳಿಯದ ವಿದ್ಯಾವಂತರು ಹೆಚ್ಚಬೇಕು. ಆದರೆ ಆ ಕೆಲಸಕ್ಕೊಂದು ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಮುರಿದ ಕೈಗಳೂ ಸುಟ್ಟ ಮುಖಗಳೂ ಇವೆ. ಅದನ್ನು ತಿಳಿಸುವುದೇ ಈ ಬರಹದ ಉದ್ದೇಶ.

ಗಾಡಿಗೆ ಕೀಲೆಣ್ಣೆ ಹಾಕುವ ಕ್ರಮವನ್ನು ನೆನೆಯಿರಿ. ಮೊದಲು ಎತ್ತುಗಳನ್ನು ಕೊರಳು ಬಿಚ್ಚಿ ದೂರ ಕಟ್ಟಬೇಕು. ಎದುರು ಬದಿಯ ಚಕ್ರದ ಹಿಂದೆ ಮುಂದೆ ಕಲ್ಲು ಕೊಡಬೇಕು. ಅಚ್ಚಿನ ಅಡಿಗೆ ಗಟ್ಟಿಮರದ ಕೊರಡನ್ನು ಆನಿಸಬೇಕು. ಆಮೇಲೆ ಕಡಾಣಿ ತೆಗೆದು ಚಕ್ರವನ್ನು ಸರಿಸಿ ಅಚ್ಚಿಗೆ ಎಣ್ಣೆ ಸವರಬೇಕು. ಕೆಲಸ ಮುಗಿದೊಡನೆ ಮೊದಲು ಕೈಹೋಗುತ್ತಿದ್ದುದು ಮತ್ತೆ ಕಡಾಣಿಗೆ. ಕಡೆಗೀಲೆಂದು ಹಳಗನ್ನಡದಲ್ಲಿ ಕರೆಸಿಕೊಂಡ ಆ ಸಣ್ಣ ಕಬ್ಬಿಣದ ಮೊಳೆಯಿಲ್ಲದೆ ಚಕ್ರ ಅಚ್ಚಿನಲ್ಲಿ ನಿಲ್ಲದು. ಎಳೆಯುವ ಶಕ್ತಿಯನ್ನು ಬೇರ್ಪಡಿಸು, ಉರುಳದಂತೆ ತಡೆ, ಭಾರಕ್ಕೆ ಆಸರೆ ಕೊಡು, ಆಮೇಲೆ ಬಿಚ್ಚು. ನಾಲ್ಕೇ ಮಾತುಗಳ ಈ ಶಾಸ್ತ್ರವನ್ನು ಯಾರೂ ಪುಸ್ತಕದಲ್ಲಿ ಬರೆದಿಡಲಿಲ್ಲ. ಇಂದಿನ ಕಾರಿನ ಕೈಪಿಡಿಗಳು ಹೇಳುವುದೂ ಇದಕ್ಕಿಂತ ಬೇರೆಯಲ್ಲ.

ಮೋಟಾರು ಬಂದಾಗ ಮೊದಲ ಅಪಾಯ ಬಂದುದು ಹ್ಯಾಂಡಲಿನ ರೂಪದಲ್ಲಿ. ಎಂಜಿನ್ನಿನ ಮುಂದೆ ಕಬ್ಬಿಣದ ಸಲಾಕೆ ತೂರಿಸಿ ತಿರುವಿದರೆ ಗಾಡಿ ಸ್ಟಾರ್ಟ್ ಆಗುತ್ತಿತ್ತು. ಕಿಡಿ ಹೊತ್ತಿಗೆ ಮುಂಚೆ ಹಾರಿದರೆ ಎಂಜಿನ್ನು ಹಿಮ್ಮುಖವಾಗಿ ಒದೆಯುತ್ತಿತ್ತು. ಹೆಬ್ಬೆರಳು ಅಥವಾ ಮಣಿಕಟ್ಟು ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಿತಾದರೂ, ನಮ್ಮ ಅಂಬಾಸಿಡರ್ ಕಾರುಗಳ ಡಿಕ್ಕಿಯಲ್ಲಿ ಹ್ಯಾಂಡಲ್ ಬಹುಕಾಲ ಉಳಿದಿತ್ತು. ಬ್ಯಾಟರಿ ಸತ್ತ ಬೆಳಗುಗಳಲ್ಲಿ ಅದೇ ಗತಿ. ಹೆಬ್ಬೆರಳನ್ನು ಹಿಡಿಕೆಯ ಸುತ್ತ ಹಾಕದೆ ಉಳಿದ ಬೆರಳುಗಳ ಬದಿಗೇ ಇಟ್ಟುಕೊಳ್ಳಬೇಕು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕೇ ಹೊರತು ಮೇಲಿನಿಂದ ಒತ್ತಬಾರದು ಎಂಬ ಪಾಠವನ್ನು ಡ್ರೈವರುಗಳು ಕ್ಲೀನರ್ ಹುಡುಗರಿಗೆ ಮೊದಲು ಕಲಿಸುತ್ತಿದ್ದರು.

1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರ್, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಮೂಡಿದುದು. ಮುಂಬಯಿಯ ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯಟ್ 1100ರ ಮಗಳು. ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಿದ್ದ ಆ ಕಾಲದಲ್ಲಿ ಇದ್ದುದನ್ನು ಕಾಪಾಡಿಕೊಳ್ಳುವುದೇ ಜಾಣತನ. ಪಾಯಿಂಟ್ ಉಜ್ಜುವುದು, ಪ್ಲಗ್ಗಿನ ಮಸಿ ತೆಗೆಯುವುದು, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದು, ನಿಪ್ಪಲುಗಳಿಗೆ ಗ್ರೀಸ್ ಒತ್ತುವುದು ಮನೆಯಂಗಳದ ನಿತ್ಯಕರ್ಮಗಳಾಗಿದ್ದವು. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ಗು ನಮ್ಮ ಹಳ್ಳಿಗಳಲ್ಲೂ ಮನೆಮಾತು. 1951ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ 2008ರಲ್ಲಿ ಬಾಷ್ ಎಂಬ ಹೆಸರು ತಳೆಯಿತು.

ಕಣ್ಣಿಗೆ ಕಾಣದ ಅಪಾಯಗಳು ಆ ಅಂಗಳದಲ್ಲೇ ಇದ್ದವು. ಕಾರ್ಬ್ಯುರೇಟರಿನ ಬಿಡಿಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆದು, ಅದೇ ಪೆಟ್ರೋಲಿನಲ್ಲಿ ಕೈಯನ್ನೂ ತೊಳೆಯುತ್ತಿದ್ದರು. ಟ್ಯಾಂಕಿಗೆ ಪೈಪು ಹಾಕಿ ಬಾಯಿಂದ ಎಳೆಯುತ್ತಿದ್ದರು. ಅಂದಿನ ಪೆಟ್ರೋಲಿನಲ್ಲಿ ಸೀಸದ ಸಂಯುಕ್ತ ಬೆರೆತಿತ್ತು. ಎಂಜಿನ್ನಿನ ಬಡಿತ ತಡೆಯಲು 1920ರ ದಶಕದಲ್ಲಿ ಅಮೆರಿಕದಲ್ಲಿ ಆರಂಭವಾದ ಆ ಪದ್ಧತಿ ನಮ್ಮ ದೇಶದಲ್ಲಿ ನಿಂತುದು 2000ದ ಫೆಬ್ರುವರಿಯಲ್ಲಿ. ಜಗತ್ತಿನ ಕಾರುಗಳಿಂದ ಪೂರ್ತಿಯಾಗಿ ತೊಲಗಿದುದು 2021ರಲ್ಲಿ. ಬ್ರೇಕ್ ಡ್ರಮ್ಮು ಬಿಚ್ಚಿ ಧೂಳನ್ನು ಬಾಯಿಂದ ಊದುವ ಅಭ್ಯಾಸವೂ ಇತ್ತು. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಎಳೆ ಶ್ವಾಸಕೋಶ ಸೇರಿದರೆ ರೋಗ ಕಾಣಿಸಿಕೊಳ್ಳಲು ದಶಕಗಳೇ ಹಿಡಿಯುತ್ತವೆ. ಇಂದಿಗೂ ಬ್ರೇಕಿನ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರಸುವುದೇ ಲೇಸು.

1983ರ ಡಿಸೆಂಬರ್ 14ರಂದು ಮಾರುತಿ 800 ರಸ್ತೆಗಿಳಿಯಿತು. ಅಂಬಾಸಿಡರ್ ಸಾವಿರ ಕಿಲೋ ಮೀರಿದ ಗಜಗಾತ್ರ; ಇದು ಸುಮಾರು 650 ಕಿಲೋದ ಹಗುರ ಬಂಡಿ. ಮಧ್ಯಮ ವರ್ಗದ ಮನೆಗೂ ಕಾರು ಬಂತು, ಕಾರಿನ ಅಡಿಗೆ ತಲೆ ಹಾಕುವ ಧೈರ್ಯವೂ ಬಂತು. ನಮ್ಮ ಸೀಮೆಯಲ್ಲಿ ಕಾರು ನಿಲ್ಲುವುದು ತೆಂಗಿನ ಮರಗಳ ನಡುವಿನ ಮಣ್ಣಿನ ನೆಲದಲ್ಲಿ. ನೀರು ಹಾಯಿಸಿದ ತೋಟದ ಮಣ್ಣಿನ ಮೇಲೆ ಜಾಕ್ ನಿಲ್ಲದು; ಭಾರ ಬಿದ್ದಂತೆ ಒಂದು ಬದಿ ಇಳಿದು ವಾಲುತ್ತದೆ.

ನನಗೆ ತಿಳಿದ ಒಂದು ಮನೆಯಲ್ಲಿ ಹಾಗೆಯೇ ಆಯಿತು. ಮೊಮ್ಮಗ ಚಕ್ರ ಬಿಚ್ಚಿ ಪಕ್ಕಕ್ಕಿಟ್ಟು, ಸೈಲೆನ್ಸರಿನ ಬೋಲ್ಟು ನೋಡಲು ಅಡಿಗೆ ನುಸುಳಲಿದ್ದ. ಜಗುಲಿಯಲ್ಲಿ ಕುಳಿತಿದ್ದ ಅಜ್ಜ, ಬಾಳೆಲ್ಲ ಗಾಡಿ ಹೊಡೆದವರು, "ಬಿಚ್ಚಿದ್ ಗಾಲೀನ ದೂರ ಇಡಬ್ಯಾಡ ಕಣ್ಲಾ, ಅಡೀಗ್ ತಳ್ಳು" ಎಂದರು. ಹುಡುಗ ನಗುತ್ತಲೇ ಚಕ್ರವನ್ನು ಬಾಗಿಲ ಕೆಳಗಿನ ದಪ್ಪ ಅಂಚಿನಡಿಗೆ ಮಲಗಿಸಿದ. ಸ್ವಲ್ಪ ಹೊತ್ತಿಗೆ ಜಾಕ್ ವಾಲಿತು. ಕಾರು ಆ ಚಕ್ರದ ಮೇಲೆ ಕುಳಿತುಕೊಂಡಿತು. ಅಡಿಯಲ್ಲಿದ್ದವನು ತೆವಳಿ ಹೊರಬಂದ. ಅಜ್ಜನಿಗೆ ಕಾರಿನ ಯಾವ ಭಾಗದ ಹೆಸರೂ ತಿಳಿದಿರಲಿಲ್ಲ; ಭಾರದ ಸ್ವಭಾವ ತಿಳಿದಿತ್ತು.

ಆದರೆ ಇಲ್ಲಿ ಒಂದು ವಿವೇಕ ಬೇಕು. ಹಿರಿಯರ ಸೂತ್ರ ಗಾಡಿಯದಾದರೂ ಅವರ ಕೊರಡನ್ನು ಕಾರಿಗೆ ತರಬಾರದು. ಖಾಲಿ ಗಾಡಿಗೆ ಆನಿಸಿದ ಮರದ ತುಂಡು ಕಾರಿಗೆ ಸಾಲದು. ಗುಂಡನೆಯ ತೆಂಗಿನ ಕೊರಡು ಉರುಳುತ್ತದೆ; ಇಟ್ಟಿಗೆ, ಹಾಲೋ ಬ್ಲಾಕುಗಳು ಸದ್ದಿಲ್ಲದೆ ಸಿಡಿದು ಪುಡಿಯಾಗುತ್ತವೆ. ಜಾಕ್ ಇರುವುದು ಎತ್ತಲು ಮಾತ್ರ, ಹೊರಲು ಅಲ್ಲ. ಅಡಿಗೆ ಹೋಗಲೇಬೇಕಾದರೆ ಗಟ್ಟಿ ಕಾಂಕ್ರೀಟ್ ನೆಲ, ಹ್ಯಾಂಡ್ ಬ್ರೇಕ್, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡಗಲ್ಲು, ತೂಕಕ್ಕೆ ತಕ್ಕ ಕಬ್ಬಿಣದ ಆಕ್ಸಲ್ ಸ್ಟ್ಯಾಂಡು ಇರಲೇಬೇಕು. ಅಷ್ಟಾದ ಮೇಲೂ ಬಿಚ್ಚಿದ ಚಕ್ರ ಅಡಿಯಲ್ಲಿರಲಿ.

ಉಳಿದ ಅಪಾಯಗಳಿಗೂ ಕಾರಣ ತಿಳಿದರೆ ಎಚ್ಚರ ತಾನಾಗಿ ಬರುತ್ತದೆ. ರೇಡಿಯೇಟರಿನ ನೀರು ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆರೆದೊಡನೆ ಒತ್ತಡ ಇಳಿದು ಮುಖಕ್ಕೆ ಚಿಮ್ಮುತ್ತದೆ. ಎಂಜಿನ್ನು ಪೂರ್ತಿ ತಣಿಯುವವರೆಗೆ ಅದನ್ನು ಮುಟ್ಟಬಾರದು. ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಹೊರಡುತ್ತದೆ. ಬೀಡಿಯ ಕಿಡಿ ಸಾಕು. ಬಿಚ್ಚುವಾಗ ಮೊದಲು ಬಾಡಿಗೆ ಸೇರಿದ ಋಣ ತಂತಿ, ಜೋಡಿಸುವಾಗ ಕೊನೆಗೆ ಅದು. ಆಗ ಸ್ಪ್ಯಾನರು ಬಾಡಿಗೆ ತಾಗಿದರೂ ಕಿಡಿ ಹಾರದು. ಉಂಗುರ, ಕೈಗಡಿಯಾರಗಳನ್ನು ಮೊದಲೇ ತೆಗೆದಿಡಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ನು ಓಡಿಸಬೇಡಿ. ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತೆಗೆದ ಹಳೆಯ ಆಯಿಲನ್ನು ತೆಂಗಿನ ಬುಡಕ್ಕೋ ಕಾಲುವೆಗೋ ಸುರಿಯದೆ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ. ಬಾವಿಯ ನೀರು ಎಲ್ಲರದೂ ತಾನೆ.

ಕಾಲದೊಡನೆ ಅಂಗಳದ ಕೆಲಸ ಕಿರಿದಾಗಿದೆ. 2000ದಲ್ಲಿ ಹೊಸ ಹೊಗೆ ನಿಯಮಗಳು ಬಂದ ಮೇಲೆ ಹೊಸ ಕಾರುಗಳಿಂದ ಕಾರ್ಬ್ಯುರೇಟರು ಮರೆಯಾಯಿತು. ಪಾಯಿಂಟ್ ಉಜ್ಜುವ ವಿದ್ಯೆಗೆ ಕೆಲಸವಿಲ್ಲವಾಯಿತು. 2001ರಲ್ಲಿ ಬೆಂಗಳೂರಿನ ರೇವಾ ವಿದ್ಯುತ್ ಕಾರು ಮಾರುಕಟ್ಟೆಗೆ ಬಂತು. ಇಂದಿನ ವಿದ್ಯುತ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ತಂತಿಗಳಲ್ಲಿ ನೂರಾರು ವೋಲ್ಟುಗಳಿರುತ್ತವೆ. ಆ ತಂತಿಗಳಿಗೂ ಏರ್‌ಬ್ಯಾಗ್ ಇರುವ ಸ್ಟಿಯರಿಂಗಿಗೂ ಮನೆಯಲ್ಲಿ ಕೈ ಹಾಕಲಾಗದು. ಟೈರಿನ ಗಾಳಿ, ಆಯಿಲಿನ ಮಟ್ಟ, ತಣಿದ ಎಂಜಿನ್ನಿನ ಕೂಲೆಂಟು, ವೈಪರು, ದೀಪ, ಏರ್ ಫಿಲ್ಟರು ಇಷ್ಟು ನಮ್ಮ ಪಾಲಿಗೆ ಉಳಿದಿವೆ. ಇವನ್ನು ವಾರಕ್ಕೊಮ್ಮೆ ನೋಡುವವನು ಕಾರಿನ ಯಜಮಾನ; ನೋಡದವನು ಪ್ರಯಾಣಿಕ ಮಾತ್ರ.

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ಬ್ರೇಕು, ಸ್ಟಿಯರಿಂಗಿನ ಕೆಲಸವನ್ನು ಬಲ್ಲ ಮೆಕ್ಯಾನಿಕ್ಕಿಗೆ ಬಿಡಿ, ಅದಕ್ಕಾಗಿ ನಾಚಬೇಡಿ. ಉಳಿದುದನ್ನು ನೀವೇ ಮಾಡಿ, ನಿಮ್ಮ ಮಕ್ಕಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿ. ಕಲಿಸುವಾಗ ಮೊದಲು ಸ್ಪ್ಯಾನರನ್ನು ಕೊಡಬೇಡಿ, ಅಡ್ಡಗಲ್ಲನ್ನು ಕೊಡಿ.