ಹಳಿಯಿಲ್ಲದ ರೈಲುದಾರಿಯಲ್ಲಿ

ಕೆನಡಾದಿಂದ ಮರಳಿದ ಮೇಲೆ ನನ್ನನ್ನು ಕಂಡವರೆಲ್ಲ ಕೇಳಿದ ಮೊದಲ ಪ್ರಶ್ನೆ ಒಂದೇ: "ಮೇಷ್ಟ್ರೇ, ನಯಾಗರಾ ನೋಡಿದಿರಾ?" ಇಲ್ಲ, ನೋಡಲಿಲ್ಲ. ನಯಾಗರಾ ಜಲಪಾತವಿರುವುದು ಆ ದೇಶದ ಪೂರ್ವ ಭಾಗದಲ್ಲಿ. ನಾನಿದ್ದುದು ಪಶ್ಚಿಮದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕೆಲೋನಾ ಎಂಬ ಊರಿನಲ್ಲಿ, ಮಗಳ ಮನೆಯಲ್ಲಿ. ಬೆಂಗಳೂರಿಗೂ ದೆಹಲಿಗೂ ಇರುವ ಅಂತರಕ್ಕಿಂತ ಬಹಳ ಹೆಚ್ಚು ದೂರ ಆ ಎರಡರ ನಡುವೆ ಇದೆ. ಆದರೆ ನಾನು ನೋಡಿದ್ದು ನನ್ನ ಮಟ್ಟಿಗೆ ನಯಾಗರಾಕ್ಕಿಂತ ದೊಡ್ಡದು. ಅದು ಹಳಿ ಕಿತ್ತುಹಾಕಿದ ಒಂದು ಹಳೆಯ ರೈಲುದಾರಿ.

ಇದನ್ನು ಕೇಳಿದವರು ನಕ್ಕರು. ನಗಲಿ. ಈ ದಾರಿಯ ಇತಿಹಾಸವನ್ನು ಬರೆಯುವ ನೆಪದಲ್ಲಿ, ಮೂವತ್ತಮೂರು ವರ್ಷ ನಿಮ್ಮ ಮುಂದೆ ನಿಂತು ಪಾಠ ಹೇಳಿದರೂ ಹೇಳದೆ ಉಳಿಸಿಕೊಂಡ ಒಂದು ಮಾತನ್ನೂ ಇಂದು ಹೇಳಿಬಿಡುತ್ತೇನೆ.

ಕೆಲೋನಾ ಇರುವುದು ಓಕನಾಗನ್ ಸರೋವರದ ದಡದಲ್ಲಿ. ಸುಮಾರು 135 ಕಿಲೋಮೀಟರ್ ಉದ್ದಕ್ಕೆ, ನದಿಯಂತೆ ಕಿರಿದಾಗಿ ಮಲಗಿರುವ ಸರೋವರ ಅದು. ಇಕ್ಕೆಲಗಳಲ್ಲಿ ಸೇಬು, ಚೆರಿ, ದ್ರಾಕ್ಷಿಯ ತೋಟಗಳು; ಮೇಲೆ ಪೈನ್ ಮರಗಳ ಬೆಟ್ಟಗಳು. ತಮ್ಮನ್ನು ಸಿಯಿಲ್ಖ್ ಎಂದು ಕರೆದುಕೊಳ್ಳುವ ಓಕನಾಗನ್ ಜನರ ನೆಲವಿದು. ಬಿಳಿಯರು ಯಾವ ಒಪ್ಪಂದವನ್ನೂ ಮಾಡಿಕೊಳ್ಳದೆ ಇಲ್ಲಿ ನೆಲೆಸಿದರು ಎಂಬುದನ್ನು ಈಗ ಅಲ್ಲಿನ ಸಭೆ ಸಮಾರಂಭಗಳಲ್ಲಿ ಬಹಿರಂಗವಾಗಿಯೇ ಹೇಳುತ್ತಾರೆ. ಬೇಸಿಗೆ ಬಂತೆಂದರೆ ಊರಿಗೆ ಊರೇ ಮನೆಯ ಹೊರಗೆ. ದೋಣಿ, ಈಜು, ಮೀನು ಹಿಡಿಯುವುದು, ಗುಡ್ಡ ಹತ್ತುವುದು, ಸೈಕಲ್ಲು. ಮೊದಲ ವಾರ ನಾನು ಇದನ್ನೆಲ್ಲ ಬಾಲ್ಕನಿಯಲ್ಲಿ ಕುಳಿತು ನೋಡಿದೆ. ಎರಡನೆಯ ವಾರ ಮೊಮ್ಮಗಳು, "ತಾತ, ನಿಮ್ಮ ಮಂಡಿಗೆ ಸರಿಹೋಗುವ ಜಾಗ ಒಂದಿದೆ" ಎಂದು ಹೊರಡಿಸಿದಳು.

ಊರಿನಿಂದ ಮುಕ್ಕಾಲು ಗಂಟೆಯ ಪ್ರಯಾಣ. ಕೊನೆಯ ಕೆಲವು ಕಿಲೋಮೀಟರ್ ಕಾಡಿನೊಳಗಿನ ಜಲ್ಲಿರಸ್ತೆ. ಕಾರು ಏರುತ್ತ ಏರುತ್ತ ಸಮುದ್ರಮಟ್ಟದಿಂದ 1,200 ಮೀಟರಿಗೂ ಎತ್ತರದಲ್ಲಿ ನಿಂತಿತು. ಅದು ಮೈರಾ ಕಮರಿ. ಇಳಿದು ನೋಡಿದರೆ ದಾರಿ ಅಂಗೈಯಂತೆ ಮಟ್ಟಸ. ಅಷ್ಟು ಎತ್ತರದ ಬೆಟ್ಟದಲ್ಲಿ ಅಂಥ ದಾರಿ ಹೇಗೆ ಬಂತೆಂದು ಕೇಳಬೇಕಾಗಿರಲಿಲ್ಲ. ರೈಲಿಗೆ ಕಡಿದಾದ ಏರು ಆಗದು. ಈ ಇಡೀ ಮಾರ್ಗದಲ್ಲಿ ಎಷ್ಟೇ ಕಷ್ಟದ ಜಾಗದಲ್ಲಿಯೂ ನೂರು ಅಡಿಗೆ ಎರಡೂಕಾಲು ಅಡಿಗಿಂತ ಹೆಚ್ಚು ಏರದಂತೆ ನೋಡಿಕೊಂಡಿದ್ದರು. ಅಂದು ಇಂಜಿನ್ನಿಗಾಗಿ ಬೆಟ್ಟವನ್ನು ಸವರಿದ್ದು ಇಂದು ಮಕ್ಕಳ ಸೈಕಲ್ಲಿಗೂ ಮುದುಕರ ಮಂಡಿಗೂ ಅನುಕೂಲವಾಗಿದೆ.

ಈ ಮಾರ್ಗದ ಹೆಸರು ಕೆಟಲ್ ವ್ಯಾಲಿ ರೈಲ್ವೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಈ ಪ್ರಾಂತ್ಯದ ಆಗ್ನೇಯ ಮೂಲೆಯ ಕೂಟನಿ ಸೀಮೆಯಲ್ಲಿ ಬೆಳ್ಳಿಯ ಗಣಿಗಳು ತೆರೆದವು. ನಡುವೆ ಸಾಲು ಸಾಲು ಪರ್ವತಗಳಿದ್ದುದರಿಂದ ಅದಿರು ಪಶ್ಚಿಮದ ಕರಾವಳಿಗೆ ಬರುವ ಬದಲು ದಕ್ಷಿಣಕ್ಕೆ, ಅಮೆರಿಕದ ಕಡೆಗೆ ಹರಿದುಹೋಗುತ್ತಿತ್ತು. ಜೇಮ್ಸ್ ಹಿಲ್ ಎಂಬ ಉದ್ಯಮಿಯ ಗ್ರೇಟ್ ನಾರ್ದರ್ನ್ ರೈಲ್ವೆ ಗಡಿ ದಾಟಿ ಬಂದು ಅದನ್ನು ಸಾಗಿಸುತ್ತಿತ್ತು. ನಮ್ಮ ಸಂಪತ್ತು ನೆರೆಯವನ ಪಾಲಾಗುತ್ತಿದೆ ಎಂಬ ಕೂಗೆದ್ದಿತು. ಕೊನೆಗೆ ಕೆನೇಡಿಯನ್ ಪೆಸಿಫಿಕ್ ಕಂಪನಿಯ ಬೆಂಬಲದಲ್ಲಿ, 1910ರಿಂದ ಮಿಡ್‌ವೇ ಎಂಬಲ್ಲಿಂದ ಹೋಪ್ ಎಂಬ ಊರಿನವರೆಗೆ ಮೂರು ಪರ್ವತಸಾಲುಗಳನ್ನು ಅಡ್ಡಹಾಯುವ ಮಾರ್ಗದ ಕೆಲಸ ಆರಂಭವಾಯಿತು. ಮುಖ್ಯ ಇಂಜಿನಿಯರ್ ಆಂಡ್ರ್ಯೂ ಮೆಕಲಕ್.

ಮೈರಾ ಕಮರಿಯಲ್ಲಿ ಅವನ ಜಾಣ್ಮೆಯನ್ನು ಕಣ್ಣಾರೆ ಕಾಣಬಹುದು. ಎದುರಿನ ದಂಡೆ ಕೂಗಳತೆಯಲ್ಲಿದೆ. ಆದರೆ ನಡುವಿನ ಕಂದರ ಬಹಳ ಆಳ. ಆದ್ದರಿಂದ ಅವನು ರೈಲನ್ನು ಕಮರಿಯ ಒಳಗೋಡೆಗೆ ಅಂಟಿಸಿ, ಕುದುರೆಲಾಳದಂತೆ ಸುತ್ತಿಸಿ ಆಚೆಗೆ ದಾಟಿಸಿದ. ಈ ಸುತ್ತಿನಲ್ಲಿ ಎರಡು ಸುರಂಗ, ಹದಿನೆಂಟು ಸೇತುವೆ. ಹೆಚ್ಚಿನವು ಮರದ ತೊಲೆಗಳನ್ನು ಅಡ್ಡ, ಉದ್ದ, ಓರೆಯಾಗಿ ಹೆಣೆದು ಕೆಳಗಿನಿಂದ ಎಬ್ಬಿಸಿದ ಸೇತುವೆಗಳು. ದೂರದಿಂದ ಬೆಂಕಿಕಡ್ಡಿಗಳ ಆಟದಂತೆ ತೋರುವ ಇವನ್ನು ಇಂಗ್ಲಿಷಿನವರು ಟ್ರೆಸಲ್ ಎನ್ನುತ್ತಾರೆ. ಎರಡನ್ನು ಮುಂದೆ ಉಕ್ಕಿನಲ್ಲಿ ಕಟ್ಟಲಾಯಿತು. ಅವುಗಳಲ್ಲಿ ದೊಡ್ಡದು ಸುಮಾರು 220 ಮೀಟರ್ ಉದ್ದ, 55 ಮೀಟರ್ ಎತ್ತರ. ಅದರ ಮೇಲೆ ನಿಂತು ಕೆಳಗೆ ನೋಡಿದಾಗ, ಹಿಂದೆ ನಿಂತಿದ್ದ ಅಳಿಯ ಮೆಲ್ಲಗೆ ನನ್ನ ಅಂಗಿಯನ್ನು ಹಿಡಿದುಕೊಂಡದ್ದು ತಿಳಿಯಿತು.

ಮಾರ್ಗದ ಬಹುಭಾಗ 1915ರ ಮೇ 31ರಂದು ತೆರೆಯಿತು. ಹೋಪ್ ಊರಿಗಿಳಿಯುವ ಕೊಕಿಹಾಲ ಕಣಿವೆಯ ಭಾಗ 1916ರಲ್ಲಿ ಮುಗಿಯಿತು. ಆ ಕಣಿವೆ ಎಷ್ಟು ಇಕ್ಕಟ್ಟೆಂದರೆ, ಪೈಪೋಟಿಗೆ ಬಿದ್ದಿದ್ದ ಎರಡು ಕಂಪನಿಗಳೂ ಕೊನೆಗೆ ಒಂದೇ ಹಳಿಯನ್ನು ಹಂಚಿಕೊಳ್ಳಲು ಒಪ್ಪಬೇಕಾಯಿತು. ಮೆಕಲಕ್ ಷೇಕ್ಸ್‌ಪಿಯರನ ಭಕ್ತ. ಅಲ್ಲಿನ ನಿಲ್ದಾಣಗಳಿಗೆ ಒಥೆಲೋ, ಲಿಯರ್, ಜೆಸಿಕಾ, ಪೋರ್ಷಿಯಾ, ಇಯಾಗೋ, ರೋಮಿಯೋ, ಜೂಲಿಯೆಟ್ ಎಂಬ ಹೆಸರುಗಳು ಬಂದವು. ಇಂಗ್ಲಿಷ್ ಮೇಷ್ಟ್ರು ರಜೆ ಹಾಕಿದ ದಿನಗಳಲ್ಲಿ ನಾನು ನಿಮಗೆ 'ಮರ್ಚಂಟ್ ಆಫ್ ವೆನಿಸ್' ಪಾಠವನ್ನು ತಡವರಿಸುತ್ತ ಮಾಡಿದ್ದು ನೆನಪಿರಬಹುದು. ಆ ಪೋರ್ಷಿಯಾ, ಆ ಜೆಸಿಕಾ ಹಿಮಬೀಳುವ ಕಾಡಿನಲ್ಲಿ ರೈಲ್ವೆ ನಿಲ್ದಾಣಗಳಾಗಿದ್ದರೆಂದು ಆಗ ತಿಳಿದಿದ್ದರೆ ಪಾಠ ಸ್ವಲ್ಪ ರಂಜಿಸುತ್ತಿತ್ತೋ ಏನೋ.

ಮೈರಾ ಎಂಬ ಹೆಸರು ಯಾವ ನಾಟಕದ್ದಿರಬಹುದೆಂದು ಅಳಿಯನನ್ನು ಕೇಳಿದೆ. ಅದು ನಾಟಕದ್ದಲ್ಲ. ಇಲ್ಲಿ ಹಳಿ ಜೋಡಿಸುವ ಗ್ಯಾಂಗಿನ ಮೇಸ್ತ್ರಿಯಾಗಿದ್ದ ನ್ಯೂಮನ್ ಎಂಬಾತನ ಮಗಳ ಹೆಸರು. ಕಮರಿಯ ಇನ್ನೊಂದು ತುದಿಯ ನಿಲ್ದಾಣ ರುತ್. ಅದು ಇಂಜಿನಿಯರ್ ಮೆಕಲಕನ ಮಗಳ ಹೆಸರು. ಮೇಸ್ತ್ರಿಯ ಮಗಳೂ ಇಂಜಿನಿಯರನ ಮಗಳೂ ಒಂದೇ ಕಮರಿಯ ಎರಡು ತುದಿಗಳಲ್ಲಿ ನೂರು ವರ್ಷ ದಾಟಿ ಉಳಿದಿದ್ದಾರೆ.

ನಾನು ಹೇಳದೆ ಉಳಿಸಿಕೊಂಡ ಮಾತಿಗೆ ಬರುತ್ತೇನೆ. ನನ್ನ ತಂದೆಯವರು ಅರಸೀಕೆರೆಯ ಬಳಿಯ ಮೀಟರ್ ಗೇಜ್ ಹಳಿಯಲ್ಲಿ ಮೊದಲು ಗ್ಯಾಂಗ್‌ಮನ್, ಆಮೇಲೆ ಕೀಮ್ಯಾನ್ ಆಗಿದ್ದರು. ನಾವು ಮಕ್ಕಳು ಅವರನ್ನು ಅಣ್ಣ ಎನ್ನುತ್ತಿದ್ದೆವು. ಬೆಳಕು ಹರಿಯುವ ಮುನ್ನ ಸುತ್ತಿಗೆ, ಸ್ಪ್ಯಾನರ್, ಕೆಂಪು ಹಸಿರು ಬಾವುಟಗಳನ್ನು ಹೊತ್ತು ಹೊರಟರೆ, ತಮ್ಮ ಪಾಲಿನ ಹಳಿಯುದ್ದಕ್ಕೂ ನಡೆದು, ಸಡಿಲವಾದ ಕೀಲಿಗಳನ್ನು ಬಡಿದು ಬಿಗಿಮಾಡಿ, ಮತ್ತೆ ನಡೆದೇ ಮರಳುತ್ತಿದ್ದರು. ಬಿಸಿಲು, ಮಳೆ, ಹಬ್ಬ ಎಂಬುದಿರಲಿಲ್ಲ. ಸಂಜೆ ಕಾಲನ್ನು ಬಿಸಿನೀರಿನಲ್ಲಿಟ್ಟು ಕುಳಿತ ಅವರ ಚಿತ್ರ ಇಂದಿಗೂ ಕಣ್ಣ ಮುಂದಿದೆ. ನಾನು ಉಪಾಧ್ಯಾಯನಾದ ಮೇಲೆ ಯಾರಾದರೂ ತಂದೆಯವರ ಬಗ್ಗೆ ಕೇಳಿದರೆ "ರೈಲ್ವೆಯಲ್ಲಿದ್ದರು" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಕೇಳಿದವರು ಸ್ಟೇಷನ್ ಮಾಸ್ಟರ್ ಇರಬಹುದೆಂದು ತಿಳಿಯುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ. 1853ರಲ್ಲಿ ಬೊಂಬಾಯಿಯಿಂದ ಠಾಣೆಗೆ ಮೊದಲ ರೈಲು ಓಡಿದ್ದನ್ನು, ಡಾಲ್‌ಹೌಸಿಯ ರೈಲ್ವೆ ಯೋಜನೆಯನ್ನು ವರ್ಷವರ್ಷವೂ ನಿಮಗೆ ಬರೆಸಿದೆ. ಹಳಿಯನ್ನು ಕಾಯುವವರು ಯಾರು, ಅವರು ದಿನಕ್ಕೆಷ್ಟು ನಡೆಯುತ್ತಾರೆ ಎಂಬುದನ್ನು ಒಮ್ಮೆಯೂ ಹೇಳಲಿಲ್ಲ. ನನಗೆ ಗೊತ್ತಿಲ್ಲದ ವಿಷಯವಾಗಿದ್ದರೆ ಕ್ಷಮೆಯಿತ್ತು.

ಆ ಮೇಸ್ತ್ರಿಗಾದರೂ ಮಗಳ ಹೆಸರು ಉಳಿಯಿತು. ಅವನ ಕೈಕೆಳಗೆ ದುಡಿದವರದು ಅದೂ ಇಲ್ಲ. ಇನ್ನೊಂದು ದಿನ, ಸರೋವರದ ಪೂರ್ವ ದಂಡೆಯ ನರಮಾಟಾ ಎಂಬ ಹಳ್ಳಿಯ ಮೇಲಿನ ಬೆಟ್ಟಕ್ಕೆ ಹೋದೆವು. ಅದೇ ರೈಲುದಾರಿಯ ಪಕ್ಕದಲ್ಲಿ, ಮರಗಳ ನಡುವೆ, ಗಾರೆಯಿಲ್ಲದೆ ಬರಿಯ ಕಲ್ಲು ಪೇರಿಸಿ ಕಟ್ಟಿದ ಗುಮ್ಮಟದಂಥ ಒಲೆಗಳಿವೆ. ಮಾರ್ಗ ಕಟ್ಟಲು ಯೂರೋಪಿನಿಂದ ಬಂದ ಕೂಲಿಗಾರರು ತಮಗೆ ಬ್ರೆಡ್ಡು ಸುಟ್ಟುಕೊಳ್ಳಲು ಕಟ್ಟಿಕೊಂಡವು. ಒಳಗೆ ಬೆಂಕಿಮಾಡಿ ಕಲ್ಲು ಕಾಯಿಸಿ, ಕೆಂಡವನ್ನು ಹೊರಗೆಳೆದು, ಹಿಟ್ಟನ್ನಿಟ್ಟು ಬಾಯಿಮುಚ್ಚುವ ಕ್ರಮ. ಒಂದು ಶತಮಾನಕ್ಕೂ ಹೆಚ್ಚಿನ ಹಿಮ ಮಳೆಗಳನ್ನು ತಾಳಿ ಅವುಗಳಲ್ಲಿ ಕೆಲವು ಇನ್ನೂ ನಿಂತಿವೆ. ನಾನು ಒಂದರೊಳಗೆ ಕೈಯಿಟ್ಟು ನೋಡಿದೆ. ತಣ್ಣಗಿತ್ತು.

ಈ ಮಾರ್ಗ ಎಂದೂ ನಿರೀಕ್ಷಿಸಿದ ಲಾಭ ತರಲಿಲ್ಲ. ಕೊಕಿಹಾಲದಲ್ಲಿ ಹಿಮಪಾತ, ಬಂಡೆಕುಸಿತ, ನೆರೆ. ಚಳಿಗಾಲದಲ್ಲಿ ಆಗಾಗ ರೈಲು ನಿಲ್ಲುತ್ತಿತ್ತು. 1949ರಲ್ಲಿ ಹೋಪ್ ಮತ್ತು ಪ್ರಿನ್ಸ್‌ಟನ್ ಊರುಗಳ ನಡುವೆ ಹೆದ್ದಾರಿಯಾದ ಮೇಲೆ ಜನ ಬಸ್ಸು ಕಾರುಗಳನ್ನು ಹಿಡಿದರು. 1959ರ ನೆರೆಯಲ್ಲಿ ಕೊಕಿಹಾಲದ ಹಳಿ ಕೊಚ್ಚಿಹೋಯಿತು. ಮತ್ತೆ ಆ ಭಾಗ ತೆರೆಯಲಿಲ್ಲ. 1964ರ ಜನವರಿಯಲ್ಲಿ ಉಳಿದ ಪ್ರಯಾಣಿಕರ ರೈಲೂ ನಿಂತಿತು. 1970ರ ದಶಕದಲ್ಲಿ ಮೈರಾ ಕಮರಿಯಲ್ಲಿ ಸರಕುಗಾಡಿಗಳ ಸದ್ದೂ ಅಡಗಿತು. 1980ರ ಹೊತ್ತಿಗೆ ಹಳಿಗಳನ್ನು ಕಿತ್ತು ಒಯ್ದರು. ಸಮ್ಮರ್‌ಲ್ಯಾಂಡ್ ಊರಿನ ಬಳಿ ಸುಮಾರು 16 ಕಿಲೋಮೀಟರ್ ಹಳಿ ಮಾತ್ರ ಉಳಿಯಿತು. ಅದರ ಮೇಲೆ 1912ರಲ್ಲಿ ತಯಾರಾದ ಉಗಿಬಂಡಿಯನ್ನು ಪ್ರವಾಸಿಗರಿಗಾಗಿ ಓಡಿಸುತ್ತ ಬಂದಿದ್ದಾರೆ.

ಕಂಪನಿ ಕೈಬಿಟ್ಟ ಮೈರಾ ಕಮರಿಯನ್ನು ಜನ ಬಿಡಲಿಲ್ಲ. ಶಿಥಿಲವಾದ ಸೇತುವೆಗಳ ಮೇಲೆ ಜೀವದ ಹಂಗು ತೊರೆದು ನಡೆಯತೊಡಗಿದರು. 1990ರ ದಶಕದಲ್ಲಿ ಊರವರೇ ಒಂದು ಸಂಘ ಕಟ್ಟಿ, ಒಂದೊಂದು ಸೇತುವೆಗೂ ಹಲಗೆ ಹಾಸಿ, ಎರಡೂ ಬದಿಗೆ ಕಟಕಟೆ ಹಾಕಿದರು. ನಮ್ಮ ಕಡೆ ಪಾಳುಬಿದ್ದ ಗುಡಿಯ ಜೀರ್ಣೋದ್ಧಾರಕ್ಕೆ ಊರು ಸೇರುವಂತೆ. ಸರ್ಕಾರ ಇದನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಮಾನ್ಯ ಮಾಡಿತು.

ಆಮೇಲೆ ಬೆಂಕಿ ಬಂತು. 2003ರ ಆಗಸ್ಟ್ 16ರಂದು ಸರೋವರದ ಪೂರ್ವದಂಡೆಯ ಕಾಡಿಗೆ ಸಿಡಿಲು ಬಡಿಯಿತು. ಒಣಗಿದ ಕಾಡು ವಾರಗಟ್ಟಲೆ ಉರಿಯಿತು. ಕೆಲೋನಾದ ಅಂಚಿನ 239 ಮನೆಗಳು ಸುಟ್ಟವು. 25,000ಕ್ಕೂ ಹೆಚ್ಚು ಜನ ಮನೆಬಿಟ್ಟು ಹೊರಟರು. ಸೆಪ್ಟೆಂಬರಿನ ಆರಂಭದಲ್ಲಿ ಬೆಂಕಿ ಕಮರಿಗೆ ನುಗ್ಗಿ, ಹದಿನಾರು ಮರದ ಸೇತುವೆಗಳಲ್ಲಿ ಹನ್ನೆರಡನ್ನು ನುಂಗಿತು. ಉಕ್ಕಿನ ಸೇತುವೆಗಳ ಮೇಲಿನ ಮರವೂ ಸುಟ್ಟಿತು. ತಮ್ಮ ಮನೆಗಳೇ ಹೋದ ಊರಿನಲ್ಲಿ, ಯಾರೂ ರೈಲು ಓಡಿಸದ ಸೇತುವೆಗಳಿಗೆ ಹಣ ಸುರಿಯಬೇಕೇ? ಇದು ನ್ಯಾಯವಾದ ಪ್ರಶ್ನೆಯೇ. ಆದರೂ ಕಟ್ಟಿದರು. ಹಳೆಯ ಮಾದರಿಯಲ್ಲಿಯೇ, ಮರದಲ್ಲಿಯೇ. 2008ರ ಜೂನ್ ತಿಂಗಳಲ್ಲಿ ದಾರಿ ಮತ್ತೆ ತೆರೆಯಿತು. ನಾನು ನಡೆದದ್ದು ಈ ಸೇತುವೆಗಳ ಮೇಲೆ. ಪಕ್ಕದ ಇಳಿಜಾರಿನಲ್ಲಿ ಕರಿಕಾಗಿ ಬೆಳ್ಳಗಾದ ಮರದ ಬೊಡ್ಡೆಗಳು ಇನ್ನೂ ನಿಂತಿವೆ. ಅವುಗಳ ಬುಡದಲ್ಲಿ ಹೊಸ ಗಿಡಗಳು ಎದ್ದಿವೆ. ಅಪಾಯವೇನೂ ಮುಗಿದಿಲ್ಲ. 2021ರ ನವೆಂಬರಿನ ಮಹಾಮಳೆ ಒಥೆಲೋ ಸುರಂಗಗಳ ದಾರಿಯನ್ನು ಕೆಡಿಸಿತು. 2023ರ ಆಗಸ್ಟಿನಲ್ಲಿ ಸರೋವರದ ಆಚೆ ದಡದ ವೆಸ್ಟ್ ಕೆಲೋನಾದಲ್ಲಿ ಮತ್ತೆ ಕಾಡ್ಗಿಚ್ಚು ಮನೆಗಳನ್ನು ಸುಟ್ಟಿತು.

ಇಡೀ ದಾರಿ ಹನ್ನೆರಡು ಕಿಲೋಮೀಟರ್. ನಾನು ಅರ್ಧದವರೆಗೆ ನಡೆದು, ಬೆಂಚಿನ ಮೇಲೆ ಕುಳಿತು, ಮಗಳು ಕಟ್ಟಿಕೊಟ್ಟ ಚಪಾತಿ ತಿಂದು ಮರಳಿದೆ. ಮರಳುವಾಗ ಅರಿವಿಲ್ಲದೆ ನನ್ನ ಹೆಜ್ಜೆಗಳು ಸ್ಲೀಪರ್‌ಗಳ ಅಂತರಕ್ಕೆ ಬೀಳುತ್ತಿದ್ದವು. ಬಾಲ್ಯದಲ್ಲಿ ಅಣ್ಣನಿಗೆ ಬುತ್ತಿ ಒಯ್ಯುವಾಗ ಕಲಿತ ನಡಿಗೆ ಅದು. "ಯಾಕೆ ತಾತ, ಹೀಗೆ ನಡೀತೀರಿ?" ಎಂದು ಮೊಮ್ಮಗಳು ಕೇಳಿದಳು. ಅವಳ ಮುತ್ತಾತ ಏನು ಕೆಲಸ ಮಾಡುತ್ತಿದ್ದರೆಂದು ಅವಳಿಗೆ ಹೇಳಿದೆ. ನನ್ನ ಮಗಳೂ ಅದನ್ನು ಪೂರ್ತಿಯಾಗಿ ಕೇಳಿದ್ದು ಅಂದೇ. "ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದಳು. ಉತ್ತರ ನನ್ನಲ್ಲಿ ಇರಲಿಲ್ಲ.

ಇತಿಹಾಸದ ಮೇಷ್ಟ್ರಾಗಿ ನಾನು ಬಿಟ್ಟುಹೋದ ಪಾಠವನ್ನು ಈಗ ಸೇರಿಸಿದ್ದೇನೆ. ಹಳೆಯ ಅಭ್ಯಾಸ, ಮನೆಗೆಲಸ ಕೊಡದೆ ತರಗತಿ ಮುಗಿಸಲಾರೆ. ನಿಮ್ಮ ಮನೆಯ ಹಿರಿಯರು ಯಾವ ರಸ್ತೆ, ಯಾವ ಕೆರೆ, ಯಾವ ಹಳಿಯ ಮೇಲೆ ದುಡಿದರೆಂದು ಕೇಳಿ ಎರಡು ಸಾಲು ಬರೆದು ಕಳುಹಿಸಿ. ಕಾಗುಣಿತ ತಪ್ಪಿದರೂ ಅಂಕ ಕಳೆಯುವುದಿಲ್ಲ.