ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ, ಆದರೂ ಅದು ಕುಮಟಾ ಹತ್ತಿ

ಹತ್ತಿ ಮಾರ್ಕೆಟ್ಟಿಗೆ ದರದ ಸುದ್ದಿ ಮಾಡಲು ಹೋದಾಗೆಲ್ಲ ನಮಗೆ ಎದುರಾಗುವ ಪ್ರಶ್ನೆ ಒಂದೇ. ಅಂಡಿಗೆಯ ಮೇಲೆ ಕುಳಿತ ಹಿರಿಯರೊಬ್ಬರು ಈ ಸಲವೂ ಕೇಳಿದರು: "ಏನ್ರೀ ಪೇಪರಿನವ್ರ, ಅಮೇರಿಕಾದಾಗ ಬೆಳಿ ಚಲೋ ಬಂದ್ರ ನಮ್ ಹತ್ತಿ ರೇಟು ಯಾಕ ಬೀಳ್ತದ? ಅವರಿಗೂ ನಮಗೂ ಏನ್ ಸಂಬಂಧ?"

ಸಂಬಂಧ ಇದೆ. ನೂರಾ ಎಂಬತ್ತು ವರ್ಷಕ್ಕೂ ಹಳೆಯದು. ಅದು ಶುರುವಾದದ್ದು ಹುಬ್ಬಳ್ಳಿಯ ಪಕ್ಕದ ಕುಸುಗಲ್ಲಿನಂಥ ಊರುಗಳ ಹೊಲದಲ್ಲಿ. ನಮ್ಮ ಓದುಗರಲ್ಲಿ ಆ ಕಡೆಯವರು ಬಹಳ ಮಂದಿ ಇದ್ದೀರಿ, ಅದಕ್ಕೇ ಈ ಸಲ ದರದ ಸುದ್ದಿ ಬಿಟ್ಟು ದರದ ಹಿಂದಿನ ಕತೆ ಹೇಳುತ್ತಿದ್ದೇವೆ.

ಮೊದಲು ಸಮುದ್ರದ ಆಚೆಯ ಸಂಗತಿ. ಇಂಗ್ಲೆಂಡಿನ ಲ್ಯಾಂಕಶೈರ್ ಎಂಬ ಸೀಮೆಯಲ್ಲಿ, ಮ್ಯಾಂಚೆಸ್ಟರ್ ಊರಿನ ಸುತ್ತ, ಉಗಿಯಿಂದ ಓಡುವ ನೂಲಿನ ಗಿರಣಿಗಳು ಎದ್ದವು. ಒಂದು ಕಾಲಕ್ಕೆ ನಮ್ಮ ದೇಶದ ಬಟ್ಟೆ ಬರುವುದನ್ನು ಕಾನೂನು ಮಾಡಿ ತಡೆದಿದ್ದ ಅದೇ ಇಂಗ್ಲೆಂಡ್, ಗಿರಣಿ ಬಂದ ಮೇಲೆ ನಮಗೇ ಬಟ್ಟೆ ಮಾರತೊಡಗಿತು. ಆದರೆ ಅಲ್ಲಿಯ ಚಳಿಗೆ ಹತ್ತಿ ಬೆಳೆಯುವುದಿಲ್ಲ. ಅರಳೆ ಎಲ್ಲವೂ ಹೊರಗಿನಿಂದಲೇ ಬರಬೇಕು. ಅದರಲ್ಲಿ ದೊಡ್ಡ ಪಾಲು ಬರುತ್ತಿದ್ದುದು ಅಮೆರಿಕದ ದಕ್ಷಿಣ ರಾಜ್ಯಗಳಿಂದ. 1860ರಲ್ಲಿ ಬ್ರಿಟನ್ನಿಗೆ ಬಂದ ಸುಮಾರು 139 ಕೋಟಿ ಪೌಂಡ್ ಹತ್ತಿಯಲ್ಲಿ 111 ಕೋಟಿ ಪೌಂಡ್ ಅಮೆರಿಕದ್ದು. ಆ ಹತ್ತಿ ಬೆಳೆದವರು, ಬಿಡಿಸಿದವರು ಆಫ್ರಿಕಾ ಮೂಲದ ಗುಲಾಮರು. 1860ರ ಗಣತಿಯಲ್ಲಿ ಆ ದೇಶದಲ್ಲಿ ಗುಲಾಮರ ಸಂಖ್ಯೆ 40 ಲಕ್ಷದ ಹತ್ತಿರ ಇತ್ತು. ಕೂಲಿ ಕೊಡಬೇಕಾಗಿಲ್ಲದ ದುಡಿಮೆಯ ಹತ್ತಿ ಅದು, ಅದರ ಜೊತೆ ಯಾರು ತಾನೆ ಪೈಪೋಟಿ ಮಾಡಿಯಾರು?

ಮ್ಯಾಂಚೆಸ್ಟರಿನ ಗಿರಣಿ ಮಾಲೀಕರಿಗೆ ಒಂದು ಭಯ ಇದ್ದೇ ಇತ್ತು. ಒಂದೇ ದೇಶವನ್ನು ನಂಬಿ ಕುಳಿತರೆ ಅಲ್ಲಿ ಗದ್ದಲವಾದ ದಿನ ನಮ್ಮ ಗತಿ ಏನು ಎಂಬುದು. ಹಾಗಾಗಿ ಅವರ ಕಣ್ಣು ಭಾರತದ ಎರೆ ಭೂಮಿಯ ಮೇಲೆ ಬಿತ್ತು. ತೊಂದರೆ ಎಂದರೆ, ನಮ್ಮ ಜವಾರಿ ಹತ್ತಿಯ ಎಳೆ ಗಿಡ್ಡ. ಕೈಯಲ್ಲಿ ನೂಲುವವರಿಗೆ ಅದರಿಂದ ಏನೂ ಅಡ್ಡಿಯಿರಲಿಲ್ಲ. ಅವರ ಯಂತ್ರಕ್ಕೆ ಬೇಕಾದದ್ದು ಉದ್ದ ಎಳೆ.

ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಅಮೆರಿಕದಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಕರೆಸಿತು. ಜೊತೆಗೆ ಬೀಜ, ನೇಗಿಲು, ಗರಗಸದ ಹಲ್ಲಿನ ಜಿನ್ ಕೂಡ ಬಂದವು. ಅವರಲ್ಲಿ ಮರ್ಸರ್ ಎಂಬವರು ಧಾರವಾಡದ ಕಡೆಗೆ ಬಂದು ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಮಾಡಿದರು. ಆಗ ಧಾರವಾಡದ ಕಲೆಕ್ಟರ್ ಆಗಿದ್ದ ಶಾ ಎಂಬ ಅಧಿಕಾರಿ ಇದಕ್ಕೆ ಬೆನ್ನು ಕೊಟ್ಟು ನಿಂತಿದ್ದರು. ಬಿತ್ತಿದ್ದು ನ್ಯೂ ಆರ್ಲಿಯನ್ಸ್ ಬೀಜ.

ಬೇರೆ ಕಡೆ ಈ ಪ್ರಯೋಗಗಳು ಒಂದೊಂದಾಗಿ ನೆಲಕಚ್ಚಿದವು. ಧಾರವಾಡದಲ್ಲಿ ಮಾತ್ರ ಬೀಜ ನಿಂತಿತು. ನಮ್ಮ ಕಡೆ ಮುಂಗಾರಿನ ಬಾಲವೂ ಸಿಗುತ್ತದೆ, ಹಿಂಗಾರಿಯ ತಲೆಯೂ ಸಿಗುತ್ತದೆ. ಪಡುವಣದ ಕಡಲಿನ ತಂಪುಗಾಳಿಯೂ ಘಟ್ಟ ಹತ್ತಿ ಬರುತ್ತದೆ. ಆ ಗಿಡಕ್ಕೆ ಇದು ಹಿಡಿಸಿತು. ಗದಗಿನ ಕಡೆಗೂ ಹಬ್ಬಿತು. ಜನ ಅದನ್ನು ವಿಲಾಯತಿ ಹತ್ತಿ ಎಂದರು, ವ್ಯಾಪಾರಿಗಳು ಧಾರವಾಡ-ಅಮೇರಿಕನ್ ಎಂದು ಬರೆದುಕೊಂಡರು.

ಮರ್ಸರ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಕಲಿಸಲೆಂದು ಬಂದ ಈ ಮನುಷ್ಯ ಕೆಲವೇ ವರ್ಷಗಳಲ್ಲಿ ಕಂಪನಿಗೆ ಕೊಟ್ಟ ಅಭಿಪ್ರಾಯ ಏನು ಗೊತ್ತೆ? ಪ್ರಯೋಗದ ಹೊಲಗಳು ಸರ್ಕಾರಕ್ಕೆ ದಂಡದ ಖರ್ಚು, ಅಮೆರಿಕದ ಬೇಸಾಯದ ಪದ್ಧತಿ ಈ ನೆಲಕ್ಕೆ ಹೊಂದುವುದಿಲ್ಲ, ಇಲ್ಲಿಯ ಹವಾ ಮತ್ತು ಮಣ್ಣು ಬಲ್ಲ ಇಲ್ಲಿಯ ರೈತರೇ ಯುರೋಪಿನವರಿಗಿಂತ ಚೆನ್ನಾಗಿ, ಬಹಳ ಕಡಿಮೆ ಖರ್ಚಿನಲ್ಲಿ ಬೆಳೆಯಬಲ್ಲರು ಎಂದು. ಕಲಿಸಲು ಬಂದವರು ಹೀಗೆ ಬರೆದುಕೊಟ್ಟದ್ದು ಅಪರೂಪ. ಕಂಪನಿಯವರಿಗೆ ಇದು ರುಚಿಸಿರಲಾರದು.

ಈಗ ಹತ್ತಿಯ ದಾರಿ ನೋಡೋಣ. ಅಲ್ಲೇ ಕತೆಯ ಗಂಟು ಇರುವುದು.

ಬಿಡಿಸಿದ ಹತ್ತಿಯಿಂದ ಕಾಳು ಬೇರೆ ಮಾಡುವ ಕೆಲಸ ಹೆಂಗಸರದು. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸರಳನ್ನು ಪಾದದಿಂದ ಉರುಳಿಸಿ ಕಾಳು ಹೊರಗೆ ತೆಗೆಯುತ್ತಿದ್ದರು. ಇಡೀ ದಿನ ದುಡಿದರೆ ಕೈಗೆ ಬರುವ ಅರಳೆ ಕೆಲವೇ ಸೇರು. ವಿಲಾಯತಿ ಹತ್ತಿಯ ಕಾಳಿಗೆ ಎಳೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಈ ಕಲ್ಲಿಗೆ ಅದು ಬಗ್ಗಲಿಲ್ಲ. ಅದಕ್ಕಾಗಿ ಗರಗಸದ ಜಿನ್ ಬೇಕಾಯಿತು. ಆ ಜಿನ್ ಮಾಡಿ ರಿಪೇರಿ ಮಾಡುವ ಕಾರ್ಖಾನೆಯನ್ನು ಸರ್ಕಾರ ಧಾರವಾಡದಲ್ಲೇ ನಡೆಸಿತು. ಜವಾರಿ ಹತ್ತಿಯನ್ನು ಅದೇ ಜಿನ್ನಿಗೆ ಹಾಕಿದರೆ ಮೊದಲೇ ಗಿಡ್ಡ ಇದ್ದ ಎಳೆ ತುಂಡಾಗುತ್ತಿತ್ತು. ಜಿನ್ ಕೆಟ್ಟರೆ, ಹಲ್ಲು ಸವೆದರೆ ಮತ್ತೆ ಧಾರವಾಡಕ್ಕೇ ಹೊರಬೇಕು.

ಆಮೇಲೆ ಅಂಡಿಗೆಗಳನ್ನು ಚಕ್ಕಡಿಗೆ, ಎತ್ತಿನ ಬೆನ್ನಿಗೆ ಹೇರಿ ಘಟ್ಟ ಇಳಿಸಬೇಕು. ಹುಬ್ಬಳ್ಳಿಯಿಂದ ಕುಮಟಾ ಬಂದರಿಗೆ ಇಂದಿನ ಲೆಕ್ಕದಲ್ಲಿ ನೂರೈವತ್ತು ಕಿಲೋಮೀಟರ್ ಆಸುಪಾಸು. ಇಂದು ಅದು ಬಸ್ಸಿನ ಒಂದು ಹೊತ್ತಿನ ಹಾದಿ. ಆಗ ಕಾಡು, ಕೆಸರು, ಜ್ವರ, ದಾರಿಯುದ್ದಕ್ಕೂ ಮೇವಿನ ಚಿಂತೆ. ಹತ್ತಿ ಬಿಡಿಸುವುದು ಮಾಘ ಫಾಲ್ಗುಣದಲ್ಲಿ, ಮಳೆಗಾಲ ಹಿಡಿದರೆ ಬಂದರು ಬಂದ್. ಆ ನಡುವಿನ ಎರಡು ಮೂರು ತಿಂಗಳಲ್ಲಿ ಇಡೀ ಸೀಮೆಯ ಹತ್ತಿ ಕಡಲಿಗೆ ಮುಟ್ಟಬೇಕು. ಕುಮಟಾದಲ್ಲಿ ಒತ್ತಿ ಕಟ್ಟಿ ಹಾಯಿದೋಣಿಯಲ್ಲಿ ಮುಂಬಯಿಗೆ, ಅಲ್ಲಿ ಮತ್ತೆ ಬಿಗಿಯಾಗಿ ಬೇಲು ಕಟ್ಟಿ ದೊಡ್ಡ ಹಡಗಿನಲ್ಲಿ ಆಫ್ರಿಕಾದ ತುದಿ ಸುತ್ತಿ ಲಿವರ್‌ಪೂಲಿಗೆ. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ, ಅಲ್ಲಿಯವರೆಗೆ ಇದೇ ಹಾದಿ. ಎರೆಹೊಲದ ಜವಾರಿ ಹತ್ತಿಗೆ ಹೊರದೇಶದ ಪೇಟೆಯಲ್ಲಿ ಕುಮಟಾ ಹತ್ತಿ ಎಂಬ ಹೆಸರು ನಿಂತದ್ದು ಹೀಗೆ. ಒಂದು ತೊಳೆ ಹತ್ತಿಯನ್ನೂ ಬೆಳೆಯದ ಊರಿನ ಹೆಸರು ಅದು. ಬೆಳೆದ ಊರಿನ ಹೆಸರನ್ನು ಯಾರೂ ಕೇಳಲಿಲ್ಲ.

ಮ್ಯಾಂಚೆಸ್ಟರಿನವರು 1857ರಲ್ಲಿ ಹತ್ತಿ ಪೂರೈಕೆಗೆಂದೇ ಒಂದು ಸಂಘ ಕಟ್ಟಿಕೊಂಡಿದ್ದರು. ಕುಮಟಾಕ್ಕಿಂತ ಕಾರವಾರ ಒಳ್ಳೆಯ ಬಂದರು, ಅಲ್ಲಿಗೆ ರಸ್ತೆ ಮಾಡಿ ಎಂದು ಸರ್ಕಾರದ ಬೆನ್ನು ಬಿದ್ದರು. ಆಗ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ, ಕಾರವಾರ ಮದ್ರಾಸ್ ಪ್ರಾಂತ್ಯದಲ್ಲಿ. ಒಂದು ರಸ್ತೆ ಆಗಬೇಕೆಂದರೆ ಎರಡು ಸರ್ಕಾರದ ಕಾಗದ ಓಡಾಡಬೇಕು. ಕಡೆಗೆ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಕನ್ನಡ ಕರಾವಳಿ ಎರಡು ಪ್ರಾಂತ್ಯಗಳಿಗೆ ಹಂಚಿಹೋದದ್ದರ ಹಿಂದೆ ಹತ್ತಿಯ ಅಂಡಿಗೆ ಇದೆ ಎಂಬುದು ಶಾಲೆಯಲ್ಲಿ ನಮಗೆ ಯಾರೂ ಹೇಳಿರಲಿಲ್ಲ. ನೆನಪಿಡಿ, ಇದಕ್ಕೆ ನಾಲ್ಕು ವರ್ಷ ಮೊದಲು, 1858ರಲ್ಲಿ, ಇದೇ ಎರೆ ಸೀಮೆಯ ನರಗುಂದದಲ್ಲಿ ಬಾಬಾಸಾಹೇಬರು ಬಂಡೆದ್ದಿದ್ದರು, ಮುಂಡರಗಿಯ ಭೀಮರಾಯರು ಕೊಪ್ಪಳದ ಕೋಟೆಯಲ್ಲಿ ಕಾದಾಡಿ ಸತ್ತಿದ್ದರು. ಬಂಡಾಯದ ಸೀಮೆ ಎಂದು ನಾವು ಹೆಮ್ಮೆಯಿಂದ ಕರೆಯುವ ನೆಲ ಲಿವರ್‌ಪೂಲಿನವರ ಕಡತದಲ್ಲಿ ಹತ್ತಿಯ ಸೀಮೆ.

1861ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ಅಡ್ಡಗಟ್ಟಿತು. ಒಂದು ಕಾಲಕ್ಕೆ 111 ಕೋಟಿ ಪೌಂಡ್ ಬರುತ್ತಿದ್ದಲ್ಲಿ 1862ರಲ್ಲಿ ಬ್ರಿಟನ್ನಿಗೆ ಅಮೆರಿಕದಿಂದ ಬಂದದ್ದು ಒಂದೂವರೆ ಕೋಟಿಗೂ ಕಡಿಮೆ. ಲ್ಯಾಂಕಶೈರಿನ ಗಿರಣಿಗಳು ಬಾಗಿಲು ಹಾಕಿದವು. ಆ ವರ್ಷದ ಕೊನೆಗೆ ಸುಮಾರು 5 ಲಕ್ಷ ಜನ ಅಲ್ಲಿ ಗಂಜಿ ಮತ್ತು ದಾನದ ಮೇಲೆ ಬದುಕುತ್ತಿದ್ದರು. ಅಷ್ಟರಲ್ಲೂ ಮ್ಯಾಂಚೆಸ್ಟರಿನ ಕೂಲಿಕಾರರು ಸಭೆ ಸೇರಿ, ಗುಲಾಮಗಿರಿ ಹೋಗಲಿ, ನಾವು ನಿಮ್ಮ ಕಡೆ ಎಂದು ಅಧ್ಯಕ್ಷ ಲಿಂಕನ್‌ರಿಗೆ ಬರೆದರು. 1863ರ ಜನವರಿಯಲ್ಲಿ ಲಿಂಕನ್ ಉತ್ತರ ಬರೆದರು. ಹಸಿದವರು ಇನ್ನೊಬ್ಬರ ಬಿಡುಗಡೆ ಬೇಡಿದ ಆ ಕಾಗದ ನಮಗೆ ಇಡೀ ಹತ್ತಿಯ ಚರಿತ್ರೆಯಲ್ಲಿ ಬಹಳ ದೊಡ್ಡದೆನಿಸುತ್ತದೆ.

ಇತ್ತ ನಮ್ಮಲ್ಲಿ ಸುಗ್ಗಿ. ಲಿವರ್‌ಪೂಲಿನಲ್ಲಿ ಪೌಂಡಿಗೆ 6-7 ಪೆನ್ಸ್ ಇದ್ದ ಅಮೆರಿಕದ ಹತ್ತಿ 1864ರಲ್ಲಿ 27 ಪೆನ್ಸ್ ದಾಟಿತು. ಭಾರತದ ಹತ್ತಿಗೂ ಅದರ ಬೆನ್ನಲ್ಲೇ ಏರು. ಭಾರತದಿಂದ ಬ್ರಿಟನ್ನಿಗೆ ಹೋದ ಹತ್ತಿ 1860ರಲ್ಲಿ 20 ಕೋಟಿ ಪೌಂಡ್, 1864ರಲ್ಲಿ 50 ಕೋಟಿ. ದಲಾಲರು ಕುದುರೆ ಹತ್ತಿ ಹಳ್ಳಿ ಹಳ್ಳಿಗೆ ಬಂದರು, ಗಿಡದಲ್ಲಿರುವಾಗಲೇ ಮುಂಗಡ ಕೊಟ್ಟರು. ಜೋಳದ ಹೊಲವನ್ನೂ ಹತ್ತಿಗೆ ತಿರುಗಿಸಿದವರಿದ್ದರು. ಕೈಯಲ್ಲಿ ರೂಪಾಯಿ ಆಡಿತು, ಜೋಳವೂ ತುಟ್ಟಿಯಾಯಿತು. ಮುಂಬಯಿ ಪ್ರಾಂತ್ಯದ ಕೆಲವೆಡೆ ರೈತರು ಗಾಡಿಯ ಚಕ್ರಕ್ಕೆ ಬೆಳ್ಳಿಯ ಪಟ್ಟಿ ಹೊಡೆಸಿದರು ಎಂದು ಬರೆದವರಿದ್ದಾರೆ. ನಮಗೆ ಅದರಲ್ಲಿ ಪೂರ್ತಿ ನಂಬಿಕೆ ಇಲ್ಲ. ರೈತ ಬೆಳ್ಳಿ ಕೊಂಡರೆ ಮಗಳ ಕಾಲಿಗೆ ಹಾಕುತ್ತಾನೆ, ಚಕ್ರಕ್ಕಲ್ಲ.

ನಿಜವಾದ ಹಣ ಹೋಗಿ ಸೇರಿದ್ದು ಮುಂಬಯಿಗೆ. ಪ್ರೇಮಚಂದ್ ರಾಯಚಂದ್ ಎಂಬ ವ್ಯಾಪಾರಿ ಹತ್ತಿಯ ರಾಜನೆನಿಸಿಕೊಂಡರು. ಸಮುದ್ರ ತುಂಬಿಸಿ ಜಾಗ ಮಾಡುವ ಕಂಪನಿಗಳ ಶೇರು ಹುಚ್ಚು ಹಿಡಿದಂತೆ ಏರಿದವು. ಮುಂಬಯಿ ನೋಡಿದವರು ರಾಜಾಬಾಯಿ ಗಡಿಯಾರದ ಗೋಪುರ ನೋಡಿರುತ್ತೀರಿ, ಅದು ಆ ಪ್ರೇಮಚಂದರು ಕೊಟ್ಟ ಹಣದಿಂದ ಕಟ್ಟಿದ್ದು, ಹೆಸರು ಅವರ ತಾಯಿಯದು.

ಹಣದ ಜೊತೆ ಬಂದದ್ದು ಕಳಪೆಯ ಆಪಾದನೆ. ಲ್ಯಾಂಕಶೈರಿನಲ್ಲಿ ನಮ್ಮ ಹತ್ತಿಗೆಲ್ಲ ಸೂರತ್ ಎಂದೇ ಹೆಸರು. ಆ ಗಿಡ್ಡ ಎಳೆ ಮಗ್ಗದಲ್ಲಿ ಪದೇ ಪದೇ ಹರಿಯುತ್ತಿತ್ತು, ಬಟ್ಟೆಯ ಲೆಕ್ಕದಲ್ಲಿ ಕೂಲಿ ಪಡೆಯುವ ನೇಕಾರರ ಗಳಿಕೆ ಕಡಿಮೆಯಾಗುತ್ತಿತ್ತು. ಸೂರತ್ ಎಂಬುದು ಅಲ್ಲಿ ಬೈಗುಳವೇ ಆಗಿಹೋಯಿತು. ಅಂಡಿಗೆಯಲ್ಲಿ ಕಾಳು, ಮಣ್ಣು, ಎಲೆ, ವಿಲಾಯತಿಯೊಳಗೆ ಜವಾರಿ. ಇದನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ವಂಚನೆ ಕಾಯ್ದೆ ತಂದಿತು, ಇನ್‌ಸ್ಪೆಕ್ಟರರು ಬಂದರು.

ಬೆರಕೆ ಆಗುತ್ತಿದ್ದುದು ಸುಳ್ಳಲ್ಲ. ಆದರೆ ರೈತ ಮಾರುತ್ತಿದ್ದುದು ಕಾಳಿರುವ ಹತ್ತಿಯನ್ನು, ಅದೂ ಬಹಳ ಸಲ ಸಾಲದ ಲೆಕ್ಕಕ್ಕೆ. ಸ್ವಚ್ಛ ಹತ್ತಿಗೂ ಕಸದ ಹತ್ತಿಗೂ ಸಾಹುಕಾರ ಹಿಡಿಯುವ ದರ ಒಂದೇ ಆದರೆ ಸ್ವಚ್ಛ ಮಾಡುವ ಕೂಲಿ ಯಾರಿಗೆ ಬೇಕು? ಆಮೇಲೆ ಆ ಹತ್ತಿ ದಲಾಲ, ಜಿನ್ನಿನವ, ಗಾಡಿಯವ, ಬಂದರಿನ ವ್ಯಾಪಾರಿ ಎಂದು ನಾಲ್ಕೈದು ಕೈ ದಾಟುತ್ತಿತ್ತು. ಲಿವರ್‌ಪೂಲಿನಲ್ಲಿ ಬೇಲು ಬಿಚ್ಚಿದಾಗ ಬೈಸಿಕೊಂಡವನು ಮೊದಲ ಕೈಯವನು. ಇಂದಿಗೂ ಮಾರ್ಕೆಟ್ಟಿನಲ್ಲಿ ತೇವ ಹೆಚ್ಚು, ಕಸ ಹೆಚ್ಚು ಎಂದು ದರ ಕಡಿಯುವಾಗ ಎದುರಿಗೆ ನಿಂತಿರುವವನು ಅದೇ ಮೊದಲ ಕೈಯವನು.

1865ರ ಏಪ್ರಿಲ್‌ನಲ್ಲಿ ಅಮೆರಿಕದ ದಕ್ಷಿಣದ ಸೇನಾಪತಿ ಲೀ ಶರಣಾದರು. ಅದೇ ವರ್ಷ ಇಂಗ್ಲೆಂಡಿಗೂ ಭಾರತಕ್ಕೂ ತಂತಿ ಸಂಪರ್ಕ ಆಗಿತ್ತು, ಮುಂಬಯಿಯ ವ್ಯಾಪಾರಿಗಳಿಗೆ ಸುದ್ದಿ ಬೇಗ ಮುಟ್ಟಿತು. ಜುಲೈ ಹೊತ್ತಿಗೆ ಶೇರು ಬಿದ್ದವು, ಪ್ರೇಮಚಂದರು ದಿವಾಳಿಯಾದರು, ಮುಂದೆ ಬ್ಯಾಂಕ್ ಆಫ್ ಬಾಂಬೆಯೂ ಮುಳುಗಿತು. ಎರೆಹೊಲದ ರೈತನಿಗೆ ಯಾರು ತಂತಿ ಕಳಿಸುತ್ತಾರೆ? ದಲಾಲನ ಕುದುರೆ ಬರುವುದು ನಿಂತಾಗ ಅವನಿಗೆ ಗೊತ್ತಾಯಿತು. ಅಷ್ಟರಲ್ಲಿ ಏರಿದ ದರ ನಂಬಿ ಸಾಲ ಮಾಡಿಯಾಗಿತ್ತು. ದರ ಇಳಿಯಿತು, ಸಾಲ ಇಳಿಯಲಿಲ್ಲ. ಮೂವತ್ತು ವರ್ಷದ ಕಂದಾಯದ ಗಡುವು ಮುಗಿದ ತಾಲ್ಲೂಕುಗಳಲ್ಲಿ 1870ರ ದಶಕದಲ್ಲಿ ಹೊಸ ಲೆಕ್ಕ ಹಾಕಿ ಕಂದಾಯ ಏರಿಸಿದರು. ಪುಣೆ, ಅಹಮದ್‌ನಗರದ ಕಡೆ 1875ರಲ್ಲಿ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲದ ಪತ್ರಗಳನ್ನು ಸುಟ್ಟರು. ನಮ್ಮಲ್ಲಿ ಹಾಗೆ ಆಗುವ ಮೊದಲೇ 1876ರ ಬರ ಬಂತು. 1872ರ ಗಣತಿಗೂ 1881ರ ಗಣತಿಗೂ ನಡುವೆ ಧಾರವಾಡ ಜಿಲ್ಲೆಯಲ್ಲಿ ಸುಮಾರು ಒಂದು ಲಕ್ಷ ಜನ ಕಡಿಮೆಯಾದರು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ.

ಆಮೇಲೆ 1880ರ ದಶಕದಲ್ಲಿ ರೈಲು ಬಂತು. ಹುಬ್ಬಳ್ಳಿ, ಗದಗಿನ ಹತ್ತಿ ಘಟ್ಟದ ರಸ್ತೆ ಬಿಟ್ಟು ಮರ್ಮಗೋವಾ ಬಂದರಿನ ಹಾದಿ ಹಿಡಿಯಿತು. ಕುಮಟಾದ ವ್ಯಾಪಾರ ಒಣಗಿತು. ವಿಲಾಯತಿ ಬೀಜದಿಂದ ಆಯ್ದು ಮುಂದೆ ಗದಗ-1 ಎಂಬ ತಳಿ ಮಾಡಿದರು, ಅದನ್ನು ಇನ್ನೊಂದು ತಳಿಯ ಜೊತೆ ಕೂಡಿಸಿ ಲಕ್ಷ್ಮಿ ಹತ್ತಿ. ಕುಮಟಾ ಹತ್ತಿಯ ಕಡೆಯಿಂದ ಜಯಧರ ಬಂತು, ಎಪ್ಪತ್ತು ದಾಟಿದ ಯಾರನ್ನೇ ಕೇಳಿ, ಜಯಧರ ಬಿತ್ತಿದ ನೆನಪು ಹೇಳುತ್ತಾರೆ.

ಅಂಡಿಗೆಯ ಮೇಲಿದ್ದ ಹಿರಿಯರಿಗೆ ಇದನ್ನೆಲ್ಲ ಹೇಳುತ್ತ ಕೂರಲು ಆ ದಿನ ಆಗಲಿಲ್ಲ, ಟೆಂಡರ್ ದರ ಬರೆಯುವ ಹೊತ್ತಾಗಿತ್ತು. ಕುಸುಗಲ್ಲಿನ ಹೊಲ, ಅಮೆರಿಕದ ಬೀಜ ಎಂದಷ್ಟೇ ಹೇಳಿದೆವು. ಅವರು ನಕ್ಕು, "ನಮ್ಮಜ್ಜ ವಿಲಾಯತಿ ಹತ್ತಿ ಅಂತಿದ್ದ. ನಾವು ಅದು ಯಾವುದೋ ಊರಿನ ಹೆಸರು ಅನಕೊಂಡಿದ್ವಿ," ಎಂದು ಅಂಡಿಗೆಯಿಂದ ಇಳಿದು ತೂಕದ ಕಡೆ ಹೋದರು.